ಸಂತೆಚೀಲದೊಳಗಿನ ಕ್ಯಾಮೆರಾ

ಬೆಳಗ್ಗೆ ಎದ್ದು ಅಂಗಳ ಗುಡಿಸಿ ನೀರು ಹೊಡೆದೆ. ಒಲೆಯ ಬೂದಿ ತೆಗೆದೆ. ರೊಟ್ಟಿ ಬಡಿದೆ. ಮಾಳಿಗೆಯ ಮೇಲೆ ಮೆಣಸಿನಕಾಯಿ ಹರವಿ, ಗಾಳಿಗೆ ಹಾರದಂತೆ ಅಂಚಿಗೆ ಕಲ್ಲಿಟ್ಟೆ. ಶನಿವಾರವಾದ್ದರಿಂದ ಮುಂಜಾನೆಯ ಸಾಲೆ. ಹೋಗಿ ಮಕ್ಕಳಿಗೆ ಮಗ್ಗಿ ಹೇಳಿಸಿ ಬಂದೆ. ಊಟವಾದ ಮೇಲೆ ಅಕ್ಕಿ ಆರಿಸಿದೆ, ನಮ್ಮ ಮನೆಯವರ ಅಂಗಿಗೆ ಗುಂಡಿ ಹಚ್ಚಿದೆ, ಮೆಣಸಿನಕಾಯಿ ಕೆಳಗಿಳಿಸಿ ಮೂರು ಸಲ ಸೀನಿದೆ. ಇಷ್ಟು ಕೆಲಸಗಳಲ್ಲಿ ಯಾವುದನ್ನೂ ಯಾಕೆ ಮಾಡಿದಿರಿ ಎಂದು ಯಾರೂ ಕೇಳಲಿಲ್ಲ. ನಡುವೆ ಸ್ವಲ್ಪ ಹೊತ್ತು ಕಟ್ಟೆಯ ಮೇಲೆ ಕೂತು ನಾನೇ ತೆಗೆದ ಫೋಟೋಗಳನ್ನು ನೋಡಿದೆ. ಅದನ್ನು ಮಾತ್ರ ಓಣಿಯವರೆಲ್ಲ ಬಂದು ಕೇಳಿದರು. ಹೆಂಗಸಿನ ದಿನದಲ್ಲಿ ಲೆಕ್ಕಕ್ಕೆ ಬರುವುದು ಅವಳು ಕೆಲಸ ಬಿಟ್ಟ ಗಳಿಗೆ ಒಂದೇ ಎಂದು ನನಗೆ ಬಹಳ ದಿನಗಳಿಂದ ಅನುಮಾನ.

ಕ್ಯಾಮೆರಾ ನನ್ನದಲ್ಲ, ತಮ್ಮನದು. ಅವನು ರೈಲ್ವೆಯಲ್ಲಿ ನೌಕರಿ ಮಾಡುವವನು. ದೂರದ ಊರಿಗೆ ವರ್ಗವಾದಾಗ, ಒಯ್ಯಲಾಗದ ಸಾಮಾನನ್ನೆಲ್ಲ ಕುಂದಗೋಳದ ನಮ್ಮ ಮನೆಯ ಅಟ್ಟಕ್ಕೆ ಏರಿಸಿ ಹೋದ. ಅದರಲ್ಲಿ ಒಂದು ಮುರುಕು ಮಂಚ, ಒಂದು ಹಿತ್ತಾಳೆಯ ಕೊಳಗ ಮತ್ತು ಈ ಕರಿ ಡಬ್ಬಿ. ಹೋಗುವ ಮುಂಚೆ ಹೇಗೆ ತೆಗೆಯುವುದೆಂದು ತೋರಿಸಿಕೊಟ್ಟ. ಇದನ್ನು ಕಣ್ಣಿಗೆ ಹಿಡಿಯುವಂತಿಲ್ಲ. ಹೊಟ್ಟೆಯ ಹತ್ತಿರ ಹಿಡಿದು, ತಲೆ ಬಗ್ಗಿಸಿ, ಮೇಲಿನ ಗಾಜಿನಲ್ಲಿ ನೋಡಬೇಕು. ಆ ಗಾಜಿನಲ್ಲಿ ಎಡಗಡೆ ಇದ್ದದ್ದು ಬಲಗಡೆ ಕಾಣುತ್ತದೆ. ಎತ್ತು ಸಂತೆಯ ಕಡೆಗೆ ಹೊರಟರೆ ಗಾಜಿನೊಳಗೆ ಅದು ಮನೆಗೆ ಮರಳುತ್ತಿರುತ್ತದೆ. ನಾನು ಅದರ ಬೆನ್ನು ಹತ್ತಿ ತಿರುಗುವಷ್ಟರಲ್ಲಿ ಗಾಜಿನೊಳಗೆ ಬರೀ ಗೋಡೆ ಉಳಿದಿರುತ್ತದೆ. ಮೊದಲನೆಯ ಸಲ ನಾನು ಹೀಗೆ ಬಗ್ಗಿ ನಿಂತದ್ದನ್ನು ನೋಡಿ ಹಾದಿಯಲ್ಲಿ ಹೋಗುವವರೊಬ್ಬರು, "ಯಾಕ್ರಿ ಅಕ್ಕೋರ, ಹೊಟ್ಟಿ ನೂಸಾಕತ್ತೈತೇನು?" ಎಂದು ಕೇಳಿ, ಓಮಿನ ಕಾಳು ತಿನ್ನಲು ಹೇಳಿ ಹೋದರು.

ಇನ್ನೊಂದು ತೊಂದರೆ ನಮ್ಮ ಊರಿನದು. ಬರಿಗೈಯಲ್ಲಿ ಹೊರಟ ಹೆಂಗಸನ್ನು ಪ್ರತಿ ಕಟ್ಟೆಯೂ ಎಲ್ಲಿಗೆ ಎಂದು ಕೇಳುತ್ತದೆ. ಸುಮ್ಮನೆ ತಿರುಗಲಿಕ್ಕೆ ಎಂದರೆ ಮನೆಯಲ್ಲಿ ಜಗಳವಾಗಿದೆ ಎಂದುಕೊಳ್ಳುತ್ತಾರೆ. ಕೈಯಲ್ಲೊಂದು ಸಂತೆಚೀಲವಿದ್ದರೆ ಯಾರೂ ಏನೂ ಕೇಳುವುದಿಲ್ಲ, ಚೀಲವೇ ಉತ್ತರ. ಆದ್ದರಿಂದ ನಾನು ಕ್ಯಾಮೆರಾವನ್ನು ಚೀಲದಲ್ಲಿಟ್ಟು, ಮೇಲೆ ಒಂದು ಸಿವುಡು ಮೆಂತೆಪಲ್ಲೆ ಹೊದಿಸಿಕೊಂಡು ಊರು ಸುತ್ತುತ್ತೇನೆ. ತಮ್ಮನಿಗೆ ಮರಳಿಸುವ ಹೊತ್ತಿಗೆ ಅದರ ಚರ್ಮದ ಚೀಲಕ್ಕೆ ಮೆಂತೆಯ ವಾಸನೆ ಕಾಯಂ ಆಗಿರುತ್ತದೆ. ಅದಕ್ಕೆ ಏನು ಹೇಳಬೇಕೆಂದು ಇನ್ನೂ ಯೋಚಿಸಿಲ್ಲ.

ಮೊನ್ನೆ ಪುಷ್ಯಮಾಸದ ಒಂದು ರವಿವಾರ ಹಾಗೆಯೇ ಹೊರಟೆ. ಬಾಗಿಲು ದಾಟಿದ ಕೂಡಲೇ ಮೊದಲು ಕಂಡದ್ದು ಬಾಜೂ ಮನೆಯ ಗಂಗವ್ವ. ನಮಗೆ ಹಾಲು ಕೊಡುವವಳು. ಬಾಗಿಲ ಬದಿಯ ಗೂಟಕ್ಕೆ ಕಟ್ಟಿದ ಎಮ್ಮೆ ಹಿಂಡಿ, ಹಾಲಿನ ಚರಿಗೆಯನ್ನು ಪಕ್ಕಕ್ಕಿಟ್ಟುಕೊಂಡು, ಹಳೆಯ ದುಪ್ಪಟಿಯನ್ನು ತಲೆಯ ಮೇಲಿಂದ ಹೊದ್ದು, ಗೋಡೆಗೆ ಭುಜ ಆನಿಸಿ ಮೆಟ್ಟಿಲ ಮೇಲೆ ಕೂತಿದ್ದಳು. ಚರಿಗೆಯಿಂದ ಉಗಿ ಏಳುತ್ತಿತ್ತು. ಅವಳು ಯಾವ ಕಡೆಗೂ ನೋಡುತ್ತಿರಲಿಲ್ಲ. ನಾನು ಚೀಲದ ಬಾಯಿ ತೆರೆದು, ಮೆಂತೆ ಸರಿಸಿ, ಕ್ಯಾಮೆರಾವನ್ನು ಚೀಲದ ಅಂಚಿನವರೆಗೆ ಎತ್ತಿ, ಬಗ್ಗಿ ಗುಂಡಿ ಒತ್ತಿದೆ. ನಾನು ಚಿಲ್ಲರೆ ಹುಡುಕುತ್ತಿರುವೆನೆಂದು ತಿಳಿದಳೋ ಏನೋ, ಕತ್ತು ಕೂಡ ಹೊರಳಿಸಲಿಲ್ಲ.

ಚಳಿಗಾಲದ ಮುಂಜಾವಿನಲ್ಲಿ ನಮ್ಮ ಊರಿಗೆ ಅಂಚು ಇರುವುದಿಲ್ಲ. ಓಣಿ ಮುಗಿದಲ್ಲಿ ಇಬ್ಬನಿ ಶುರುವಾಗುತ್ತದೆ. ಅದರಾಚೆ ಜೋಳದ ಹೊಲವಿದೆ, ಸ್ಟೇಶನ್ನು ಇದೆ ಎಂಬುದನ್ನು ನಂಬಿಕೆಯ ಮೇಲೆ ಒಪ್ಪಿಕೊಳ್ಳಬೇಕು. ಬೆಳಗಿನ ಗಾಡಿ ಬಂದದ್ದು ಸಪ್ಪಳದಿಂದ ಗೊತ್ತಾಯಿತೇ ಹೊರತು, ಅದರ ಹೊಗೆ ಯಾವುದು ಊರಿನ ಮಂಜು ಯಾವುದು ತಿಳಿಯಲಿಲ್ಲ. ಹತ್ತಿಕಟ್ಟಿಗೆಯ ಬೆಂಕಿಯ ಸುತ್ತ ಗಂಡಸರು ಕಂಬಳಿ ಹೊದ್ದು ಗುಂಪಾಗಿ ಕೂತಿದ್ದರು. ಮುಖ ಯಾರದೂ ಕಾಣದು. ಕೆಮ್ಮಿನ ಮೇಲೆ ಗುರುತು ಹಿಡಿದು ಇಬ್ಬರಿಗೆ ನಮಸ್ಕಾರ ಹೇಳಿದೆ. ಅವರಲ್ಲೊಬ್ಬರು ನಾನು ಅಂದುಕೊಂಡವರಲ್ಲ. ಚಹಾದ ಅಂಗಡಿಯಲ್ಲಿ ಒಂದು ಗ್ಲಾಸಿನಿಂದ ಇನ್ನೊಂದಕ್ಕೆ ಚಹಾ ಸುರಿಯುತ್ತಿದ್ದರು, ಉಗಿಯಲ್ಲಿ ಸುರಿಯುವವನ ತಲೆಯೇ ಮಾಯವಾಗಿತ್ತು. ಒಳಗೆ ಹೋಗಿ ಕೂತು ಒಂದು ಗ್ಲಾಸು ಕುಡಿಯಬೇಕೆಂದು ನನಗೆ ಇಪ್ಪತ್ತು ವರ್ಷದಿಂದ ಆಸೆ. ಹೆಂಗಸರು ಅಲ್ಲಿಗೆ ಹೋಗುವ ವಾಡಿಕೆ ಇಲ್ಲ. ಬೀದಿಯಲ್ಲಿ ನಿಂತು ಅದರ ಚಿತ್ರ ತೆಗೆದುಕೊಂಡೆ. ವಾಸನೆ ಮಾತ್ರ ಪುಕ್ಕಟೆ.

ಬಜಾರದಲ್ಲಿ ಅರಿವೆ ಅಂಗಡಿಯ ವಿರೂಪಾಕ್ಷಪ್ಪನವರು ಮಫ್ಲರು ಸುತ್ತಿಕೊಂಡು, ಬಾಗಿಲ ಮುಂದೆ ಕುಕ್ಕುರುಗಾಲಿನಲ್ಲಿ ಕೂತು ಬೇವಿನ ಕಡ್ಡಿ ಜಗಿಯುತ್ತಿದ್ದರು. ಎಳೆ ಬಿಸಿಲು ಅವರ ಬೋಳುತಲೆಯ ಮೇಲೆ ಬಂದು ಕೂತಿತ್ತು. ನನಗೆ ಬೇಕಾದದ್ದು ಅದೇ. ಆದರೆ ಅವರ ಕಣ್ಣು ಚುರುಕು, ಮೆಂತೆಯ ಕೆಳಗಿನ ಕರಿ ಡಬ್ಬಿಯನ್ನು ನೋಡಿಬಿಟ್ಟರು. ಒಂದು ನಿಮಿಷ ನಿಲ್ಲಿರೆಂದು ಹೇಳಿ ಒಳಗೆ ಹೋದವರು ಬರುವಾಗ ಕೋಟು, ಕರಿಟೊಪ್ಪಿಗೆ, ಕೈಯಲ್ಲಿ ಟ್ರಾನ್ಸಿಸ್ಟರು. ಎದೆ ಸೆಟೆಸಿ ಉಸಿರು ಕಟ್ಟಿ ನಿಂತರು. ನಾನು ಅವರನ್ನು ಗಾಜಿನಲ್ಲಿ ಹುಡುಕಿದೆ. ಎಡಕ್ಕೆ ತಿರುಗಿದರೆ ಅವರು ಬಲಕ್ಕೆ ಜಾರುತ್ತಾರೆ, ಬಲಕ್ಕೆ ತಿರುಗಿದರೆ ಟ್ರಾನ್ಸಿಸ್ಟರು ಒಂದೇ ಉಳಿಯುತ್ತದೆ. ಅಷ್ಟರಲ್ಲಿ ಅವರ ಮುಖ ಬದನೆಕಾಯಿಯ ಬಣ್ಣಕ್ಕೆ ತಿರುಗಿತ್ತು. ಕೊನೆಗೆ ಅವರು ಉಸಿರು ಬಿಟ್ಟದ್ದಕ್ಕೂ ನಾನು ಗುಂಡಿ ಒತ್ತಿದ್ದಕ್ಕೂ ಸರಿಹೋಯಿತು. ಫೋಟೋದಲ್ಲಿ ಟೊಪ್ಪಿಗೆ ಸ್ವಚ್ಛವಾಗಿ ಬಂದಿದೆ, ಕೆಳಗೆ ಒಂದು ಗಾಳಿ ಬೀಸಿದಂತಿದೆ.

ನಾನು ಮನೆ ಮುಟ್ಟುವ ಮೊದಲೇ ಕ್ಯಾಮೆರಾದ ಸುದ್ದಿ ಮುಟ್ಟಿತ್ತು. ಗಂಗವ್ವ ನಮ್ಮ ಕಟ್ಟೆಯ ಮೇಲೆ ಕಾದು ಕೂತಿದ್ದಳು. ಅವಳ ಮಗಳನ್ನು ಸೊಲ್ಲಾಪುರದ ಕಡೆಗೆ ಕೊಟ್ಟಿದೆ. ಮಗಳಿಗೊಂದು ಹೆಣ್ಣು ಕೂಸು. ನೋಡಲಿಕ್ಕೆ ಹೋಗೋಣವೆಂದರೆ ಗಂಗವ್ವನಿಗೆ ಆಗದು, ಏಕೆಂದರೆ ಎಮ್ಮೆ ಅವಳ ಕೈಗಲ್ಲದೆ ಬೇರೆ ಯಾರ ಕೈಗೂ ಹಾಲು ಇಳಿಸುವುದಿಲ್ಲ. ಗಂಡ ಒಮ್ಮೆ ಅವಳ ಸೀರೆ ಸುತ್ತಿಕೊಂಡು ಹಿಂಡಲು ಕೂತು ಒದೆ ತಿಂದದ್ದು ಓಣಿಗೆಲ್ಲ ಗೊತ್ತು. ಹೋದ ಬೇಸಗೆಯಲ್ಲಿ ಮಗಳೇ ಕೂಸನ್ನು ಕರೆದುಕೊಂಡು ಬಂದಿದ್ದಳು. ಆ ಮಗು ಅಜ್ಜಿಯ ಮುಖ ನೋಡಿದ್ದೇ ಚಿಟ್ಟನೆ ಚೀರಿ ತಾಯಿಯ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿತು. ಹೋಗುವವರೆಗೆ ಒಂದು ಸಲವೂ ಇವಳ ತೊಡೆಯ ಮೇಲೆ ಬರಲಿಲ್ಲ. ಗಂಗವ್ವ ಆಗ ನಕ್ಕು ಬಿಟ್ಟಿದ್ದಳು. ಈಗ ನನ್ನ ಮುಂದೆ ನಗಲಿಲ್ಲ.

"ನಂದೊಂದು ಫೋಟೋ ತಗೀರಿ ಅಕ್ಕೋರ. ಅಲ್ಲೆ ಗ್ವಾಡಿಗೆ ಹಾಕಿದ್ರ ಕೂಸು ದಿನಾ ನೋಡಿ ರೂಢಿ ಆಗ್ತೈತಿ. ಈ ಸಲ ಪಂಚಮಿಗೆ ಬಂದಾಗ ಅಂಜಬಾರದು ನೋಡ್ರಿ ನನಗ" ಎಂದಳು.

ಎದುರುಮನೆಯ ಪಾರ್ವತೆವ್ವ, ಗೋಡೆಗೆ ಹಾಕುವುದು ಸತ್ತವರ ಫೋಟೋ, ಬದುಕಿದವರದನ್ನು ಹಾಕಬಾರದು ಎಂದು ಆಕ್ಷೇಪಿಸಿದಳು. "ಸತ್ತ ಮ್ಯಾಲೆ ಗುರ್ತು ಹಿಡದು ಏನ್ ಮಾಡ್ತೈತಿ ಬೇ ಕೂಸು?" ಎಂದು ಗಂಗವ್ವ ಕೇಳಿದಳು. ನನ್ನ ಕ್ಯಾಮೆರಾದಲ್ಲಿ ಒಂದೇ ಚಿತ್ರ ಉಳಿದಿತ್ತು.

ನಮ್ಮ ಓಣಿಯಲ್ಲಿ ಒಬ್ಬರ ಫೋಟೋ ತೆಗೆಯುವುದೆಂದರೆ ಒಬ್ಬರದೇ ಕೆಲಸವಲ್ಲ. ಕನ್ಯೆ ನೋಡಲು ಬಂದಾಗ ಹೇಗೋ ಹಾಗೆ, ಮನೆಮನೆಯಿಂದ ವಸ್ತು ಹೊರಬೀಳುತ್ತವೆ. ಬೀಗರ ಮನೆಯ ಗೋಡೆ ಎಂದರೆ ಇಡೀ ಓಣಿಯ ಮಾನದ ಪ್ರಶ್ನೆ. ಆಕ್ಷೇಪಿಸಿದ ಪಾರ್ವತೆವ್ವನೇ ಎಲ್ಲರಿಗಿಂತ ಮೊದಲು ತನ್ನ ಬಂಗಾರದ ಗುಂಡಿನ ಬೋರಮಾಳ ತಂದು ಗಂಗವ್ವನ ಕೊರಳಿಗೆ ಹಾಕಿದಳು. ಒಬ್ಬರು ಕಿವಿಗೆ ಬುಗುಡಿ ಕೊಟ್ಟರು, ಒಬ್ಬರು ಕೈಗೆ ಪಾಟ್ಲಿ, ಇನ್ನೊಬ್ಬರು ಮಗಳ ಲಗ್ನಕ್ಕೆಂದು ತೆಗೆದಿಟ್ಟಿದ್ದ ಇಳಕಲ್ ಸೀರೆ. ಯಾರೋ ಪೌಡರಿನ ಡಬ್ಬಿಯನ್ನು ಮುಖದ ಮೇಲೆ ಧಾರಾಳವಾಗಿ ತಟ್ಟಿದರು. ಹಿಂದೆ ನವಿಲು ಚಿತ್ರದ ಚಾದರ ಕಟ್ಟಿದರು. ಹೀಗೆಲ್ಲ ಮಾಡಬಾರದು, ಇದ್ದಂತೆ ತೆಗೆಯಬೇಕು ಎಂದು ಹೇಳಬೇಕಾದ ನಾನೇನು ಮಾಡಿದೆ? ನನ್ನ ಕೈಗಡಿಯಾರ ಬಿಚ್ಚಿ ಅವಳ ಮಣಿಕಟ್ಟಿಗೆ ಕಟ್ಟಿದೆ. ಅದು ಕಾಣುವಂತೆ ಕೈಯನ್ನು ಮುಂದಿಡಲೂ ಹೇಳಿಕೊಟ್ಟೆ.

ಗಂಗವ್ವ ಸಾಲೆಯ ತಪಾಸಣೆಗೆ ಬಂದ ಸಾಹೇಬರ ಹಾಗೆ ಕುರ್ಚಿಯಲ್ಲಿ ಕೂತಳು. ಹಲ್ಲು ತೋರಿಸಬಾರದೆಂದು ತುಟಿ ಬಿಗಿದಳು. ತುಟಿ ಬಿಗಿದದ್ದಕ್ಕೆ ಹುಬ್ಬು ಗಂಟಾಯಿತು. ಕೊಟ್ಟಿಗೆಯಲ್ಲಿ ಎಮ್ಮೆ ಅವಳ ಗುರುತು ಸಿಗದೆ ಒದರಿತು. ಓಣಿಯವರೆಲ್ಲ ಅವಳ ಜೊತೆಗೆ ಉಸಿರು ಹಿಡಿದರು, ನಾನು ಗುಂಡಿ ಒತ್ತಿದೆ.

ಇವತ್ತು ನಮ್ಮ ಮನೆಯವರು ತಮ್ಮ ಕೆಲಸಕ್ಕೆ ಹುಬ್ಬಳ್ಳಿಗೆ ಹೋದವರು, ತೊಳೆಸಿದ ಫೋಟೋಗಳನ್ನೂ ಒಂದು ಹೊಸ ರೋಲನ್ನೂ ತೆಗೆದುಕೊಂಡು ಮಧ್ಯಾಹ್ನದ ಗಾಡಿಗೆ ಮರಳಿದರು. ಕಟ್ಟೆಯ ಮೇಲೆ ಲಕೋಟೆ ಬಿಚ್ಚಿದ್ದೇ ತಡ, ಓಣಿ ನೆರೆಯಿತು. ಕುರ್ಚಿಯ ಫೋಟೋ ಕೈಯಿಂದ ಕೈಗೆ ಹೋಯಿತು. ಪಾರ್ವತೆವ್ವ ಬೋರಮಾಳದ ಗುಂಡು ಒಂದೊಂದೂ ಕಾಣುತ್ತದೆ ಎಂದಳು. ಸೀರೆ ಕೊಟ್ಟವರು ಸೆರಗು ಇನ್ನಷ್ಟು ಹರವಬೇಕಿತ್ತು ಎಂದರು. ನನಗೂ ಮೊದಲು ಕಂಡದ್ದು ನನ್ನ ಗಡಿಯಾರವೇ. ಅದರಲ್ಲಿ ಎಷ್ಟು ಹೊತ್ತಾಗಿತ್ತೆಂಬುದು ಸಹ ಕಾಣುತ್ತಿತ್ತು. ಗಂಗವ್ವ ಫೋಟೋವನ್ನು ದೂರ ಹಿಡಿದಳು, ಹತ್ತಿರ ಹಿಡಿದಳು. ಚೆಂದ ಬಂದಿದೆ ಎಂದಳು, ಬೇರೆಯವರ ಮಗುವನ್ನು ನೋಡಿ ಹೇಳಿದ ಹಾಗೆ.

ಆಮೇಲೆ ಉಳಿದ ಫೋಟೋಗಳನ್ನು ತಿರುವಿದಳು. ಒಂದನ್ನು ಎತ್ತಿ ಬಿಸಿಲಿಗೆ ಹಿಡಿದಳು.

"ಈಕಿ ಯಾರ್ರೀ ಅಕ್ಕೋರ? ಪಾಪ, ಭಾಳ ದಣದಾಳ. ಯಾರರ ಒಂದ್ ಕಪ್ ಚಾ ಕೊಡಬಾರದೇನ್ರಿ ಈಕಿಗೆ?"

ಅದು ಯಾರೆಂದು ನಮಗೆಲ್ಲ ಗೊತ್ತಾಗಿತ್ತು. ಗಂಗವ್ವನ ಮನೆಯಲ್ಲಿರುವುದು ಅಂಗೈಯಗಲದ ಕನ್ನಡಿ. ಹಣೆಗೆ ವಿಭೂತಿ ಹಚ್ಚುವಷ್ಟು ಜಾಗ ಕಾಣುತ್ತದೆ ಅದರಲ್ಲಿ. ಗೋಡೆಗೆ ಒರಗಿ ಕೂತ ತನ್ನನ್ನು ಅವಳು ಎಲ್ಲಿ ನೋಡಬೇಕು? ನಾನು ಹೇಗೆ ಹೇಳಲಿ ಎಂದು ತಡವರಿಸುತ್ತಿರುವಾಗ ಅವಳೇ ಫೋಟೋದ ಮೂಲೆಗೆ ಬೆರಳಿಟ್ಟು, ಎಮ್ಮೆ ನಮ್ಮದಿದ್ದ ಹಾಗಿದೆಯಲ್ಲ ಎಂದಳು. ಆಮೇಲೆ ಚರಿಗೆಯ ಗುರುತು ಹಿಡಿದಳು. ಆಮೇಲೆ ದುಪ್ಪಟಿಯದು. ಎಲ್ಲಕ್ಕೂ ಕೊನೆಗೆ ತನ್ನದು.

ಕೇಳದೆ ತೆಗೆದೆ, ತಪ್ಪಾಯಿತು ಎಂದೆ ನಾನು. ಅವಳು ಫೋಟೋದೊಳಗಿನ ಮುಖದ ಮೇಲೆ ಹೆಬ್ಬೆರಳು ಆಡಿಸುತ್ತಿದ್ದಳು, ಧೂಳು ಕೂತಿದೆಯೇನೋ ಎಂಬಂತೆ. ಪಾರ್ವತೆವ್ವ ಮಾತ್ರ ಗಾಬರಿಯಾಗಿ, ಇದನ್ನು ಕಳಿಸಿಬಿಟ್ಟೀಯಾ, ಕೊರಳಲ್ಲಿ ಬಂಗಾರದ ಒಂದು ಗುಂಡೂ ಇಲ್ಲ, ಬೀಗರು ಏನಂದಾರು ಎಂದಳು.

"ಅದು ಬೀಗರಿಗೆ. ಇದು ಕೂಸಿಗೆ" ಎಂದಳು ಗಂಗವ್ವ. "ಪಂಚಮಿಗೆ ಬಂದಾಗ ನಾ ಹಿಂಗ ಇರ್ತೇನಲ್ಲ? ಬೋರಮಾಳ ಹಾಕ್ಕೊಂಡಿದ್ದಾಕಿ ಎಲ್ಲಿ ಹೋದ್ಲಂತ ಕೂಸು ಕೇಳಿದ್ರ ಪಾರ್ವತೆವ್ವನ ಮನಿ ತೋರಸ್ಲೇನು?"

ಎಲ್ಲರೂ ನಕ್ಕರು, ಎಲ್ಲರಿಗಿಂತ ಹೆಚ್ಚು ಪಾರ್ವತೆವ್ವ. ನಾನು ಎದ್ದು ಒಳಗೆ ಹೋಗಿ ಚಹಾಕ್ಕೆ ಇಟ್ಟೆ. ಇಷ್ಟು ವರ್ಷ ದಿನಾ ಮುಂಜಾನೆ ಅವಳು ತಂದ ಹಾಲಿನಲ್ಲಿ ಚಹಾ ಮಾಡಿಕೊಂಡು ನಾವು ಗಂಡಹೆಂಡತಿ ಕುಡಿದಿದ್ದೇವೆ. ಅವಳನ್ನು ಕೂಡಿಸಿ ಕೊಟ್ಟದ್ದು ಹಬ್ಬಕ್ಕೆ ಹುಣ್ಣಿಮೆಗೆ ಮಾತ್ರ. ಗಂಗವ್ವ ಬಸಿಯಲ್ಲಿ ಸುರಿದುಕೊಂಡು ಎರಡು ಕಪ್ಪು ಕುಡಿದಳು. ಸಕ್ಕರೆ ಸ್ವಲ್ಪ ಕಡಿಮೆ ಎಂದಳು. ಹಿಂಡುವ ಹೊತ್ತಾಯಿತೆಂದು ಎರಡೂ ಫೋಟೋಗಳನ್ನು ಸೆರಗಿನ ತುದಿಯಲ್ಲಿ ಕಟ್ಟಿಕೊಂಡು ಹೋದಳು.

ಓಣಿಯವರು ಚದುರಿದ ಮೇಲೆ ನಾನು ನಮ್ಮ ಮನೆಯವರಿಗೆ ದೊಡ್ಡದೊಂದು ಭಾಷಣ ಮಾಡಿದೆ. ಮನುಷ್ಯ ತಾನಿದ್ದಂತೆ ಇದ್ದಾಗಲೇ ನಿಜವಾದ ಫೋಟೋ ಬರುವುದು, ನಮ್ಮ ಜನ ಉಸಿರು ಕಟ್ಟಿ ನಿಂತು ಎಲ್ಲ ಕೆಡಿಸುತ್ತಾರೆ, ಇತ್ಯಾದಿ. ಅವರು ಕ್ಯಾಮೆರಾಕ್ಕೆ ಹೊಸ ರೋಲು ಹಾಕುತ್ತಿದ್ದರು. ಸಂಜೆಯ ಬಿಸಿಲು ಅಂಗಳದಲ್ಲಿತ್ತು. ನಾನು ಸೀರೆ ಮೇಲೆ ಕಟ್ಟಿ, ತಲೆಗೆ ಅಕ್ಕಿಯ ತೌಡು ಹತ್ತಿಸಿಕೊಂಡು, ಮೊರ ಹಿಡಿದು ಬಾಗಿಲಲ್ಲಿ ನಿಂತಿದ್ದೆ. "ಹಂಗ ನಿಂದ್ರು. ಅಗದಿ ಹಂಗ" ಎಂದರು ಅವರು, ತಲೆ ಬಗ್ಗಿಸಿ.

ನಾನು ಒಂದು ನಿಮಿಷ ತಡೆಯಿರಿ ಎಂದವಳೇ ಒಳಗೆ ಓಡಿದೆ. ತಲೆ ಬಾಚಿ, ಟ್ರಂಕಿನ ತಳದಿಂದ ಧಾರವಾಡ ಸೀರೆ ತೆಗೆದು ಉಟ್ಟು, ನಿರಿಗೆ ಎರಡು ಸಲ ಬಿಚ್ಚಿ ಕಟ್ಟಿ, ಹೊರಗೆ ಬಂದು ತುಟಿ ಬಿಗಿದು ನಿಂತೆ. ಬಿಸಿಲು ಅಷ್ಟರಲ್ಲಿ ಮಾಳಿಗೆ ಹತ್ತಿ ಆಚೆ ಇಳಿದಿತ್ತು. ನಮ್ಮ ಮನೆಯವರು ಕ್ಯಾಮೆರಾವನ್ನು ಮೊಳೆಗೆ ತೂಗುಹಾಕಿ, ಹಸಿವಾಗಿದೆ ಎಂದರು.

ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಗಂಗವ್ವ ಕಳಿಸಿದ ಕೆನೆಮೊಸರು. ಧಾರವಾಡ ಸೀರೆಗೆ ಎಣ್ಣೆ ಸಿಡಿಯದ ಹಾಗೆ ಮೈಯನ್ನು ಹಿಂದಕ್ಕೆ ಬಾಗಿಸಿಯೇ ಬಡಿಸಿದೆ. ನೋಡಿದವರೆಂದರೆ ನಮ್ಮ ಮನೆಯವರೊಬ್ಬರೇ, ಅವರೂ ಮೊಸರನ್ನು ಹೊಗಳಿದರು. ಮೊದಲು ಮಲಗಿದವರೂ ಅವರೇ. ನನಗಿನ್ನೂ ಸೀರೆ ಮಡಚಿಡುವುದಿತ್ತು.