ಬ್ಯಾಟರಿಯ ರುಚಿ

ಬ್ಯಾಟರಿ ಅಂಗಡಿ ಇಟ್ಟವನು ನಗೋದಕ್ಕೆ ನಾಟಕದ ಟಿಕೆಟ್ ತಗೋಬೇಕಾಗಿಲ್ಲ. ಬಾಗಿಲು ತೆಗೆದು ಊದುಬತ್ತಿ ಹಚ್ಚಿ ಕೂತರೆ ಸಾಕು, ಪಾತ್ರಧಾರಿಗಳು ತಾವಾಗಿಯೇ ಕೈಯಲ್ಲಿ ಸೆಲ್ಲು ಹಿಡ್ಕೊಂಡು ಒಳಗೆ ಬರ್ತಾರೆ. ಈಗ ಮೊಬೈಲು ಬಂದಮೇಲೂ ಬರ್ತಾನೇ ಇದ್ದಾರೆ. ಆದರೆ ನಂಜನಗೂಡಿನ ಪೇಟೆ ಬೀದೀಲಿ ನಾನು ಅಂಗಡಿ ಹಾಕಿದ ಹೊಸತರಲ್ಲಿ, ತೊಂಬತ್ತರ ದಶಕದ ಕೊನೇಲಿ, ಬಂದವರ ಮುಂದೆ ಇವರೆಲ್ಲ ಏನೇನೂ ಅಲ್ಲ.

ಆಗ ನನಗೆ ಮದುವೆ ವಯಸ್ಸು. ಎಲ್ಲಿ ಹೆಣ್ಣು ಕೇಳೋಕೆ ಹೋದರೂ ಒಂದೇ ಪ್ರಶ್ನೆ. "ಹುಡುಗ ಏನು ಮಾಡ್ತಾನೆ?" ನಮ್ಮಮ್ಮ ಹೆಮ್ಮೆಯಿಂದ "ಬ್ಯಾಟರಿ ಚಾರ್ಜ್ ಮಾಡ್ತಾನೆ" ಅನ್ನೋರು. ಹೆಣ್ಣಿನ ಕಡೆಯವರು, "ಅದು ಸರಿ, ಬ್ಯಾಟರಿ ಚಾರ್ಜ್ ಆಗೋವರೆಗೂ ಏನು ಮಾಡ್ತಾನೆ?" ಅನ್ನೋರು. ಅಲ್ಲಿಗೆ ಉಪ್ಪಿಟ್ಟು ತಿಂದು ಎದ್ದು ಬರೋದು.

ಕೊನೆಗೆ ತಿ. ನರಸೀಪುರದಲ್ಲಿ ಒಂದು ಸಂಬಂಧ ಕೂಡಿ ಬಂತು. ಹುಡುಗಿಯ ಅಪ್ಪನಿಗೆ ಅಲ್ಲಿ ಬೆಲ್ಲದ ಮಂಡಿ. ನಾವು ಹೆಣ್ಣು ನೋಡೋಕೆ ಹೋಗಿ ಕೂತಾಗಲೇ ಫಟ್ ಅಂತ ಫ್ಯೂಸ್ ಹೋಯ್ತು. ಮಂಡಿಯವರು ಕರೆಂಟು ಅಂದರೆ ಹತ್ತು ಮಾರು ದೂರ ನಿಲ್ಲೋ ಮನುಷ್ಯ, ಕೂತಲ್ಲಿಂದಲೇ ಕೂಗಾಡಿದರು. ನೋಡಿದರೆ, ಕಾಫಿ ತಟ್ಟೆ ಹಿಡಿದು ಬರ್ತಿದ್ದ ಹುಡುಗಿ ತಟ್ಟೆ ಕೆಳಗಿಟ್ಟು, ರೇಷ್ಮೆ ಸೀರೆ ಸೆರಗು ಸಿಕ್ಕಿಸಿ, ಸ್ಟೂಲ್ ಹತ್ತಿ ತಾನೇ ಫ್ಯೂಸ್ ಕಟ್ಟಿ ಇಳಿದಳು. ಮನೆಗೆ ಬೆಳಕು ಬಂತು, ನಾನು ಅವಳಿಗೆ ಬಿದ್ದೆ. ಮದುವೆ ಅಂತ ಆದರೆ ಇವಳನ್ನೇ, ಇಲ್ಲದಿದ್ದರೆ ಮದುವೇನೇ ಬೇಡ ಅಂತ ನಮ್ಮಮ್ಮನಿಗೆ ಹೇಳಿಬಿಟ್ಟೆ.

ಬಿಸಿಲಿಗೆ ಬರವೇ?

ಅದೇ ವಾರ ಹೆಡತಲೆಯ ರೈತರೊಬ್ಬರು ಬಂದರು. ಟಾರ್ಚಿಗೆ ಅಂತ ಚಾರ್ಜ್ ಆಗೋ ಸೆಲ್ಲೂ ಅದರ ಚಾರ್ಜರ್ರೂ ನನ್ನ ಹತ್ತಿರ ತಗೊಂಡು ಹೋಗಿದ್ದವರು. ಚಾರ್ಜರ್ ತಂದು ಮೇಜಿನ ಮೇಲೆ ಮಡಗಿದರು.

"ಇದು ನಂಗ್ಬ್ಯಾಡ ಸಾ. ಸೆಲ್ಲು ಮಾತ್ರ ಸಾಕು."

"ಚಾರ್ಜರ್ ಇಲ್ಲದೆ ಸೆಲ್ಲಿಗೆ ಶಕ್ತಿ ಎಲ್ಲಿಂದ ಬರುತ್ತೆ ಯಜಮಾನ್ರೇ?"

"ಅಯ್ಯೋ, ನಮ್ಮಪ್ಪನ ಕಾಲ್ದಿಂದ್ಲೂ ಮಾಡ್ತಿರಾದೇ ಕಣ್ರೀ. ಸಂಡಿಗೆ ಒಣಗಾಕ್ತಾರಲ್ಲ, ಅದರ ಪಕ್ಕದಾಗೆ ಮಡಗಿದ್ರೆ ಆಯ್ತದೆ. ಬಿಸ್ಲು ಕುಡ್ಕೊಂಡು ಗಟ್ಟಿಯಾಯ್ತವೆ."

ಅದು ಹಳೇ ಸೆಲ್ಲಿನ ಕಥೆ, ಕಾವಿಗೆ ಅವು ಒಂದೆರಡು ದಿನ ಉಸಿರು ಎಳೀತಾವೆ, ಇವು ಹಾಗಲ್ಲ ಅಂತ ಗಂಟಲು ಹರಿದುಕೊಂಡೆ. ಅವರು ತಲೆಯಾಡಿಸಿದ್ದು ನೋಡಿದರೆ ನನ್ನ ಮೇಲೆ ಕನಿಕರ ಬಂದ ಹಾಗಿತ್ತು. ಕೊನೆಗೆ ರೇಗಿ, "ಆಯ್ತು, ಮಳೆಗಾಲದಲ್ಲಿ ಏನು ಮಾಡ್ತೀರಿ?" ಅಂದೆ.

"ಮಳೆಗಾಲದಾಗೆ ಒಲೆ ಅದಲ್ಲ ಸಾ!"

ಸಂಗಮದ ನೀರು

ನನ್ನ ಸಂಬಂಧ ಕುದುರಿಸಿದ ದಲ್ಲಾಳಿ ಯಜಮಾನರು ಕಳಲೆಯವರು. ಅವರ ತೋಟದ ಮನೆಗೆ ಕರೆಂಟಿಲ್ಲ. ಟೀವಿ ನೋಡೋಕೆ ದೊಡ್ಡ ಬ್ಯಾಟರಿ ಇಟ್ಟಿದ್ದರು. ತಿಂಗಳಿಗೊಂದು ಸಲ ಸೈಕಲ್ ಕ್ಯಾರಿಯರ್ ಮೇಲೆ ಕಟ್ಟಿಕೊಂಡು ಬಂದು ಚಾರ್ಜ್ ಮಾಡಿಸೋರು. ಹೆಣ್ಣು ಕೊಡಿಸ್ತಿರೋ ಪುಣ್ಯಾತ್ಮ ಅಂತ ನಾನು ಬಿಟ್ಟಿಯಾಗೇ ಮಾಡಿಕೊಡ್ತಿದ್ದೆ. ಒಳಗಿನ ನೀರು ಇಳಿದಿದ್ದು ಕಂಡು, "ಅಂಗಡೀಲಿ ಡಿಸ್ಟಿಲ್ಡ್ ವಾಟರ್ ಅಂತ ಬಾಟಲಿ ಸಿಗುತ್ತೆ, ಅದನ್ನೇ ಹಾಕಬೇಕು, ಬೇರೆ ನೀರು ಸೋಕಿಸಬೇಡಿ" ಅಂತ ಹೇಳಿ ಕಳಿಸಿದೆ.

ಹದಿನೈದು ದಿನಕ್ಕೇ ಬ್ಯಾಟರಿ ಹೊತ್ತುಕೊಂಡು ವಾಪಸ್ ಬಂದರು. ಮುಖ ಸಿಂಡರಿಸಿತ್ತು. "ನಿನ್ನ ಚಾರ್ಜು ನಿಲ್ತಾ ಇಲ್ಲ ಕಣಯ್ಯ. ವಾರ್ತೆ ಶುರುವಾಗೋ ಹೊತ್ಗೆ ಟೀವಿ ಕಣ್ಮುಚ್ತದೆ."

ಮುಚ್ಚಳ ಬಿಚ್ಚಿದೆ. ಒಳಗೆ ತುಳಸಿ ಎಲೆ ತೇಲ್ತಾ ಇತ್ತು.

"ಇದೇನು ಹಾಕಿದ್ದೀರಿ?"

"ತಿರುಮಕೂಡಲಿಂದ ತಂದಿದ್ದೆ. ಮೂರು ಹೊಳೆ ಕೂಡೋ ಸಂಗಮದ ನೀರು! ಅಂಗಡಿ ಬಾಟ್ಲಿ ನೀರು ಅದಕ್ಕಿಂತ ದೊಡ್ದಾ? ಆ ನೀರು ಬಾಯಿಗೆ ಬಿದ್ರೆ ಎಂಥವನೂ ನೆಟ್ಟಗೆ ಸ್ವರ್ಗಕ್ಕೋಯ್ತಾನೆ, ತಿಳ್ಕೊ."

"ಹೌದು ಯಜಮಾನ್ರೇ, ನಿಮ್ಮ ಬ್ಯಾಟರೀನೂ ಅಲ್ಲಿಗೇ ಹೋಗಿದೆ" ಅಂದುಬಿಟ್ಟೆ.

ನಾಲಗೆಯೇ ತಕ್ಕಡಿ

ಆ ಒಂದು ಮಾತು ನನಗೆ ಮುಳುವಾಯ್ತು. ಯಜಮಾನರು ಮೂಗಿನ ತುದೀಲಿ ಕೋಪ ಇಟ್ಟುಕೊಂಡು ನೆಟ್ಟಗೆ ನರಸೀಪುರಕ್ಕೆ ಹೋಗಿ, "ಹುಡುಗ ಪರವಾಗಿಲ್ಲ, ಅವನ ಬ್ಯಾಟ್ರಿ ಮಾತ್ರ ನಿಲ್ಲಲ್ಲ" ಅಂತ ಊದಿ ಬಂದರು. ಮಾರನೇ ದಿನವೇ ಬೆಲ್ಲದ ಮಂಡಿಯವರು ನನ್ನ ಅಂಗಡಿ ಮುಂದೆ ಬಸ್ಸಿಳಿದರು.

"ಮಾಲು ನೋಡ್ಬೇಕು" ಅಂದರು.

ಕರೆಂಟು ಹೋದಾಗ ಹಚ್ಚೋ ಎಮರ್ಜೆನ್ಸಿ ದೀಪದ ಬ್ಯಾಟರಿಗಳನ್ನ ಸಾಲಾಗಿ ಇಟ್ಟೆ. ಅವರು ಮಂಡೀಲಿ ಬೆಲ್ಲದ ಅಚ್ಚು ಹಿಡಿಯೋ ಹಾಗೇ ಒಂದನ್ನ ಎತ್ತಿದರು, ಬೆರಳಲ್ಲಿ ತಟ್ಟಿದರು, ಮೂಸಿದರು. ನಾನು "ಮಾವ..." ಅನ್ನೋಷ್ಟರಲ್ಲಿ ಅದರ ವೈರು ಸಿಕ್ಕಿಸೋ ಎರಡು ಕಡ್ಡಿಗೂ ಸೇರಿಸಿ ನಾಲಗೆ ಇಟ್ಟೇಬಿಟ್ಟರು!

ಮೈಯೆಲ್ಲ ಒಂದು ಸಲ ಜುಮ್ ಅಂದಿರಬೇಕು, ಟೋಪಿ ಸರಿಮಾಡಿಕೊಂಡರು. ಕಣ್ಣು ಮುಚ್ಚಿ ಚಪ್ಪರಿಸಿದರು. ಕರೆಂಟಿಗೆ ಹೆದರೋ ಮನುಷ್ಯ, ಆದರೆ ವ್ಯಾಪಾರ ಅಂದಮೇಲೆ ನಾಲಗೆ ಹೆದರೋದಿಲ್ಲ. ಬೀದಿಯವರೆಲ್ಲ ಬಾಗಿಲಲ್ಲಿ ನಿಂತು ನೋಡ್ತಿದ್ದರು. ಸಾಲಿನಲ್ಲಿದ್ದ ಒಂದನ್ನೂ ಬಿಡದೆ ರುಚಿ ನೋಡಿ ಮುಗಿಸಿ, ಒಂದನ್ನು ಆರಿಸಿ ನನ್ನ ಕೈಗೆ ಕೊಟ್ಟರು.

"ಇದನ್ನ ಹಾಕಿ ದೀಪ ತನ್ನಿ. ಡಬ್ಬದ ಮೇಲೆ ನಾಲ್ಕು ಗಂಟೆ ಉರೀತದೆ ಅಂತ ಬರ್ದದೆ. ಶುಕ್ರವಾರ ನಮ್ಮನೇಲಿ ಹಚ್ಚೋಣ. ಸಂಜೆ ಹೊತ್ತು ಹೆಂಗೂ ಕರೆಂಟು ಹೋಯ್ತದೆ, ಹೋದಾಗಿಂದ ಊಟ ಆಗೋವರೆಗೂ ಉರಿದ್ರೆ ತಾಂಬೂಲ ಬದಲಾಯಿಸ್ಕೊಳ್ಳೋಣ. ಮಧ್ಯ ಆರಿದ್ರೆ ಮಜ್ಜಿಗೆ ಕುಡ್ಕೊಂಡು ಬಸ್ ಹತ್ತಿ."

ಡಬ್ಬದ ಮೇಲೆ ಬರೆದೋರು ಯಾರೋ, ಅದು ಉರಿಯೋದು ಎರಡೇ ಗಂಟೆ ಅಂತ ನನಗೆ ಗೊತ್ತು. ಮಾತು ತೇಲಿಸೋಣ ಅಂತ, "ಮಿಕ್ಕವು ಯಾಕೆ ಬೇಡ ಅಂದ್ರಿ?" ಅಂತ ಕೇಳಿದೆ.

"ಅವಕ್ಕೆ ಉಪ್ಪು ಜಾಸ್ತಿ."

ಶುಕ್ರವಾರದ ದೀಪ

ಶುಕ್ರವಾರ ನಾನೂ ನಮ್ಮಮ್ಮನೂ ಹೋಗಿ ನಡುಮನೆಯಲ್ಲಿ ದೀಪ ಇಟ್ಟೆವು. ದಲ್ಲಾಳಿ ಯಜಮಾನರೂ ತಮಾಷೆ ನೋಡೋಕೆ ಅಂತಲೇ ಬಂದು ಕೂತಿದ್ದರು. ದೀಪಕ್ಕೆ ಮುತ್ತೈದೆಯರು ಕುಂಕುಮ ಬೇರೆ ಇಟ್ಟರು. ಹೇಳಿ ಮಾಡಿಸಿದ ಹಾಗೆ ಸಂಜೆ ಕರೆಂಟು ಹೋಯ್ತು, ದೀಪ ಹತ್ತಿತು.

ಹುಡುಗಿ ಮಜ್ಜಿಗೆ ತಂದಳು. ಜಡೇಲಿ ಕೆಂಪು ಟೇಪು. ಲೋಟ ಕೊಡ್ತಾ ಮೆಲ್ಲಗೆ, "ನಿಜ ಹೇಳಿ, ಇದು ಎಷ್ಟೊತ್ತು ಉರಿಯುತ್ತೆ?" ಅಂದಳು.

"ಡಬ್ಬದ ಮೇಲೆ ನಾಲ್ಕು..."

"ಡಬ್ಬ ಕೇಳಲಿಲ್ಲ, ನಿಮ್ಮನ್ನ ಕೇಳಿದೆ."

"ಎರಡು" ಅಂದೆ. ಮಜ್ಜಿಗೆ ಒಂದೇ ಗುಟುಕಿಗೆ ಮುಗಿಸಿದೆ.

"ಹಿಂದುಗಡೆ ಎರಡು ತೂತು ಇದ್ಯಲ್ಲ, ಅದು ಯಾಕೆ?"

"ಬೇರೆ ಬ್ಯಾಟರಿ ಇದ್ದರೆ ವೈರು ಸಿಕ್ಕಿಸೋಕೆ."

"ಓ" ಅಂದು ಖಾಲಿ ಲೋಟ ತಗೊಂಡು ಹೋದಳು.

ಅಡುಗೆಮನೇಲಿ ಹೋಳಿಗೆ ತಟ್ಟೋದು ಮುಗಿಯೋ ಲಕ್ಷಣವೇ ಇರಲಿಲ್ಲ. ಎರಡು ಗಂಟೆ ಹೊತ್ತಿಗೆ ದೀಪ ಕುಂಬಳದ ಹೂವಿನ ಬಣ್ಣಕ್ಕೆ ತಿರುಗಿತು. ದಲ್ಲಾಳಿ ಯಜಮಾನರು, "ನಾನು ಹೇಳಲಿಲ್ವಾ?" ಅನ್ನೋ ಹಾಗೆ ಮೀಸೆ ತಿರುವಿದರು. ಮಂಡಿಯವರು ದೀಪವನ್ನೊಂದು ಸಲ, ನನ್ನನ್ನೊಂದು ಸಲ ನೋಡಿದರು. ಅಪ್ಪಾ ನಂಜುಂಡಾ, ಕೈ ಬಿಡಬೇಡ ಅಂತ ಕಣ್ಣು ಮುಚ್ಚಿದೆ.

ಅಷ್ಟರಲ್ಲಿ ಹುಡುಗಿ ಬಂದು, "ಎಲೆ ಹಾಕಬೇಕು, ಹುಳ ಬೀಳ್ತಾವೆ" ಅಂತ ದೀಪಾನ ಎತ್ತಿ ಜಗಲಿ ಕಡೆ ಕಿಟಕಿ ಮೇಲೆ ಇಟ್ಟು, ಹೊರಗೆ ಹೋದಳು. ಒಂದು ಗಳಿಗೆ ಆಗಿರಬೇಕು. ದೀಪ ಭಗ್ ಅಂತ ಬೆಳ್ಳಗೆ ಹತ್ತಿಕೊಂಡಿತು! ಹೋಳಿಗೆ ಬಂತು, ಉರೀತು. ಅನ್ನ ಸಾರು ಬಂತು, ಉರೀತು. ಕೈ ತೊಳೆದು ಬಂದು ಕೂತರೂ ಉರೀತಾನೇ ಇತ್ತು. ನನ್ನ ಮಾಲಿನ ಮೇಲೆ ನನಗೇ ಭಕ್ತಿ ಹುಟ್ಟಿಬಿಡ್ತು. ದಲ್ಲಾಳಿ ಯಜಮಾನರ ಮೀಸೆ ಇಳಿಯಿತು, ಮಂಡಿಯವರು ಎದ್ದು ತಾಂಬೂಲ ಕೊಟ್ಟರು. ನಮ್ಮಮ್ಮ ಅತ್ತೇಬಿಟ್ಟರು.

ಮಾರನೇ ಬೆಳಿಗ್ಗೆ ಅಂಗಡಿ ತೆಗೆದು ಊದುಬತ್ತಿ ಹಚ್ಚುತ್ತಿದ್ದೆ, ಮಾವನವರು ಬಸ್ಸಿಳಿದು ಬಂದರು. ತಾಂಬೂಲ ವಾಪಸ್ ಕೇಳೋಕೆ ಬಂದರೇನೋ ಅಂದುಕೊಂಡೆ. ಬೆಲ್ಲದ ಚೀಲದಿಂದ ಒಂದು ಬ್ಯಾಟರಿ ತೆಗೆದು ಮೇಜಿನ ಮೇಲೆ ಕುಕ್ಕಿದರು.

"ನೋಡಿ ಅಳಿಯಂದ್ರೇ, ಮೋಸ! ನನ್ನ ಮೋಟಾರ್ ಸೈಕಲ್ಲಿಂದು. ಹೋದ ತಿಂಗ್ಳು ಮೈಸೂರಲ್ಲಿ ತಗೊಂಡಿದ್ದು. ನೆನ್ನೆ ಮಧ್ಯಾಹ್ನ ಚೆನ್ನಾಗೇ ಇತ್ತು, ಜಗಲಿ ಮೇಲೆ ಕಿಟಕಿ ಪಕ್ಕ ನಿಲ್ಲಿಸಿದ್ದೆ. ಇವತ್ತು ಬೆಳಿಗ್ಗೆ ಒದ್ದು ಒದ್ದು ಕಾಲು ಬಿದ್ದೋಯ್ತು, ಸ್ಟಾರ್ಟೇ ಆಗಲ್ಲ. ನೆಕ್ಕಿ ನೋಡಿದೆ, ಶುದ್ಧ ಸಪ್ಪೆ!"

ಬ್ಯಾಟರಿ ತಿರುಗಿಸಿ ನೋಡಿದೆ. ಒಂದು ಕಡ್ಡಿಗೆ ತುಂಡು ವೈರು ಇನ್ನೂ ಅಂಟಿಕೊಂಡಿತ್ತು. ಅದು ಜಾರದ ಹಾಗೆ ಮೇಲೆ ಬಿಗಿಯಾಗಿ ಕಟ್ಟಿದ್ದು ಕೆಂಪು ಜಡೆ ಟೇಪು. ಗಂಟು ನೋಡಿದರೆ ಫ್ಯೂಸ್ ಕಟ್ಟಿ ಪಳಗಿದ ಕೈ. ನನಗೆ ನಗು, ಅಳು, ಅವಳ ಮೇಲಿನ ಪ್ರೀತಿ ಮೂರೂ ಒಟ್ಟಿಗೆ ಉಕ್ಕಿ ಬಂದು, ಮೇಜಿನ ಕೆಳಗೆ ಏನೋ ಹುಡುಕೋ ಹಾಗೆ ಬಗ್ಗಿ ಕೂತೆ.

ಮಾವನವರು ಮೇಲಿಂದ ಹೇಳ್ತಾನೇ ಇದ್ದರು. "ಇನ್ಮೇಲೆ ಬೇರೆ ಕಡೆ ತಗೊಳ್ಳಲ್ಲ ಬುಡಿ. ನೆನ್ನೆ ಊಟ ಮುಗಿದ್ರೂ ದೀಪ ಆರದಂಗೆ ಉರಿಸ್ತಲ್ಲ, ಎಂಥಾ ಗಟ್ಟಿ ಬ್ಯಾಟ್ರಿ ಅದು! ನನ್ನ ಗಾಡಿಗೂ ಅದನ್ನೇ ಹಾಕ್ಕೊಡಿ ಅಳಿಯಂದ್ರೇ."