ಬಚ್ಚಲಿಗೆ ಬಂದ ಸಮಾನತೆ

“ನನ್ನ ಹೆಂಡತಿ ನಾನು ಕಟ್ಟಿದ ಬಚ್ಚಲುಮನೆಯಲ್ಲೇ ಸ್ನಾನ ಮಾಡಬೇಕು! ಮಾಡಿಸದಿದ್ದರೆ ನಾನು ಈ ಮನೆ ಕಟ್ಟಿದವನೇ ಅಲ್ಲ!”

ಈ ಘೋರ ಪ್ರತಿಜ್ಞೆ ನಡೆದದ್ದು ತುಂಬಿದ ಸಭೆಯಲ್ಲೇನಲ್ಲ. ಕನ್ನಡಿಯ ಮುಂದೆ, ಬಾಯ್ತುಂಬ ಪೇಸ್ಟಿನ ನೊರೆಯ ನಡುವೆ. ಮಾಡಿದವರು ‘ನಾನೇ’ ರಾಯರು. ಹೆತ್ತವರು ಇಟ್ಟ ಹೆಸರು ಬೇರೆ ಇತ್ತು. ಆದರೆ ಗೋಡೆಗೆ ಮೇಸ್ತ್ರಿ ಬೇಡವೇ ಎಂದರೆ “ನಾನೇ ಕಟ್ತೀನಿ”, ನಲ್ಲಿಗೆ ಪ್ಲಂಬರ್ ಬೇಡವೇ ಎಂದರೆ “ನಾನೇ ಕೂರಿಸ್ತೀನಿ” ಎನ್ನುತ್ತ, ಲೈಬ್ರರಿಯ ಗುಮಾಸ್ತಗಿರಿಯ ನಡುವೆ ಇಡೀ ಮನೆಯನ್ನು ಸ್ವಂತ ಕೈಯಿಂದ ಎಬ್ಬಿಸಿದ ಮೇಲೆ ಬೀದಿಯವರು ಮರುನಾಮಕರಣ ಮಾಡಿಬಿಟ್ಟರು. ಮನೆ ನಿಜಕ್ಕೂ ಚೆನ್ನಾಗಿತ್ತು. ಬಾಗಿಲು ಮುಚ್ಚಿದರೆ ಮುಚ್ಚುತ್ತಿತ್ತು, ತೆರೆದರೆ ತೆರೆಯುತ್ತಿತ್ತು. ಗುಮಾಸ್ತರು ಕಟ್ಟಿದ ಮನೆಗೆ ಇದು ಸಣ್ಣ ಮಾತಲ್ಲ.

ತೊಂದರೆ ಒಂದೇ. ಬಚ್ಚಲಿನ ಬಿಸಿನೀರಿನ ನಲ್ಲಿ ಮುಟ್ಟಿದರೆ ಜುಮ್ ಎನ್ನುತ್ತಿತ್ತು!

ಮನೆಯಾಕೆ ಒಂದು ಸಲ ಮುಟ್ಟಿದರು, ಕಿರುಚಿದರು, ಅಷ್ಟೇ. ಮರುದಿನದಿಂದ ಹೆಗಲ ಮೇಲೆ ಟವೆಲು, ಕೈಯಲ್ಲಿ ಸೋಪಿನ ಡಬ್ಬಿ ಹಿಡಿದು ಪಕ್ಕದ ಬೀದಿಯ ತಂಗಿಯ ಮನೆಗೆ ಸ್ನಾನಕ್ಕೆ ಹೊರಟರು. ಹೊಸ ಮನೆಯ ಒಡತಿ ಬೆಳ್ಳಂಬೆಳಗ್ಗೆ ಟವೆಲು ಹೊತ್ತು ಬೀದಿಯಲ್ಲಿ ನಡೆಯುವುದೆಂದರೇನು! ಪೇಪರಿನವನು ಸೈಕಲ್ ನಿಲ್ಲಿಸಿಯೇ ಕೇಳಿದ.

“ಏನಮ್ಮಾ, ಮನೇಲಿ ನೀರು ಬರ್ತಿಲ್ವಾ?”

“ನೀರು ಬರುತ್ತೆ ಕಣಪ್ಪಾ. ಜೊತೆಗೆ ಕರೆಂಟೂ ಬರುತ್ತೆ!”

ಉತ್ತರ ಇಡೀ ಬೀದಿಗೆ ಕೇಳಿಸಿತು. ರಾಯರ ಮಾನ ಅಂದಿನಿಂದ ಆ ಟವೆಲಿನ ಜೊತೆ ದಿನಾ ಬೀದಿ ಸುತ್ತತೊಡಗಿತು.

“ಒಬ್ಬ ಎಲೆಕ್ಟ್ರಿಷಿಯನ್ನ ಕರೆಸಿ ಅಂದ್ರೆ ಕೇಳೋದಿಲ್ಲ ನೀವು,” ಎಂದರು ಮನೆಯಾಕೆ.

“ಈ ಮನೆಗೆ ಹೊರಗಿನವರ ಸ್ಕ್ರೂಡ್ರೈವರ್ ತಾಗಕೂಡದು!”

“ಹಾಗಿದ್ರೆ ಈ ಮನೆ ನೀರೂ ನನಗೆ ತಾಗಕೂಡದು.”

ರಾಯರು ಪಟ್ಟು ಹಿಡಿದರು. ಲೈಬ್ರರಿಯಲ್ಲಿದ್ದ ವೈರಿಂಗಿನ ಪುಸ್ತಕಗಳನ್ನೆಲ್ಲ ಅರೆದು ಕುಡಿದರು. ಜ್ಞಾನೋದಯವಾಯಿತು! ಬಚ್ಚಲಿನ ಲೋಹದ ಪೈಪುಗಳನ್ನೆಲ್ಲ ತಾಮ್ರದ ತಂತಿಯಿಂದ ಒಂದಕ್ಕೊಂದು ಸೇರಿಸಿ, ಆ ತಂತಿಯನ್ನು ಮನೆಯ ಅರ್ಥಿಂಗಿಗೆ ಕೂಡಿಸಬೇಕು. ಆಗ ಎಲ್ಲಾದರೂ ಕರೆಂಟು ಸೋರಿದರೆ ಅದು ಮನುಷ್ಯರ ತಂಟೆಗೆ ಬಾರದೆ ನೆಲಕ್ಕಿಳಿಯುತ್ತದೆ.

“ಇದರ ಹಿಂದಿರೋ ತತ್ವ ಯಾವುದು ಗೊತ್ತಾ? ಸಮಾನತೆ! ನಲ್ಲಿ, ಷವರು, ಟವೆಲಿನ ಕಂಬಿ, ಇವುಗಳಲ್ಲಿ ಮೇಲು ಕೀಳು ಇರಬಾರದು!”

“ಸಮಾನತೆ ಆಮೇಲೆ ಬರ್ಲಿ. ಜುಮ್ ಅನ್ನೋದು ನಿಲ್ಲುತ್ತಾ?”

ಭಾನುವಾರ ಮೇನ್ ಸ್ವಿಚ್ ಆರಿಸಿ ರಾಯರು ರಣರಂಗಕ್ಕಿಳಿದರು. ಪೈಪಿಗೆಲ್ಲ ಪಟ್ಟಿ ಬಿಗಿದರು, ಪಟ್ಟಿಯಿಂದ ಪಟ್ಟಿಗೆ ತಂತಿ ಎಳೆದರು. ಕೈಗೆ ಹುರುಪು ಬಂತು. ಕಿಟಕಿಯ ಸರಳು, ಬಾಗಿಲ ಚಿಲಕ, ಅಡುಗೆಮನೆಯ ಸಿಂಕು, ಯಾವುದನ್ನೂ ಬಿಡಲಿಲ್ಲ. ಬಕೆಟ್ಟಿನ ಹಿಡಿಗೂ ತಂತಿ ಸುತ್ತಲು ಹೊರಟಾಗ ಮನೆಯಾಕೆ ಬಕೆಟ್ ಕಿತ್ತುಕೊಂಡು ಓಡಿದರು.

ಮೇನ್ ಹಾಕಿ ಗೀಸರ್ ಸ್ವಿಚ್ ಒತ್ತಿದರು. ನಲ್ಲಿಗೆ ಟೆಸ್ಟರ್ ಇಟ್ಟರೆ ದೀಪ ಹತ್ತಿತು. ಷವರಿಗಿಟ್ಟರೂ ಹತ್ತಿತು. ಕಿಟಕಿ, ಚಿಲಕ, ಸಿಂಕು, ಎಲ್ಲ ಕಡೆಯೂ ಹತ್ತಿತು! ಮೊದಲು ಒಂದೇ ನಲ್ಲಿ ಕಚ್ಚುತ್ತಿತ್ತು, ಈಗ ಇಡೀ ಬಚ್ಚಲಿಗೇ ಹಲ್ಲು ಬಂದಿತ್ತು. ಸಮಾನತೆಯೆಂದರೆ ಸಮಾನತೆ!

ಅಷ್ಟರಲ್ಲಿ ಹಿತ್ತಲಿನಿಂದ “ಅಯ್ಯಯ್ಯೋ!” ಎಂಬ ಆರ್ತನಾದ ಕೇಳಿಸಿತು. ಷಡ್ಡಕ, ಅಂದರೆ ಆ ತಂಗಿಯ ಗಂಡ, ಭೇಟಿಗೆಂದು ಬಂದವನು ಕಾಲು ತೊಳೆಯಲು ಹಿತ್ತಲ ನಲ್ಲಿಗೆ ಕೈ ಹಾಕಿದ್ದ.

“ಭಾವಾ, ಒಳಗಿದ್ದದ್ದನ್ನ ಹೊರಗೂ ಹಂಚಿದ್ರಲ್ಲಾ! ದೊಡ್ಡ ಮನಸ್ಸು ನಿಮ್ಮದು!” ಕೈ ಕೊಡವುತ್ತ ಅವನು ಮನೆಯಾಕೆಯ ಕಡೆ ತಿರುಗಿದ. “ಅಕ್ಕಾ, ನಮ್ಮನೆ ಬಚ್ಚಲಲ್ಲಿ ನಿಮ್ಮ ಟವೆಲಿಗೇಂತ ಒಂದು ಮೊಳೆ ಹೊಡೀತೀನಿ. ದಿನಾ ಹೊತ್ಕೊಂಡು ಬರೋದು ಯಾಕೆ, ಅಲ್ಲೇ ಇಟ್ಟುಬಿಡಿ.”

ಮೊಳೆ ಇಳಿದದ್ದು ರಾಯರ ಎದೆಗೆ. ಟವೆಲು ಅಲ್ಲಿ ಕಾಯಂ ಆದರೆ ತಾನು ಕಟ್ಟಿದ ಮನೆ ಅರ್ಧ ಆ ಕಡೆ ಹೋದಂತೆಯೇ! ಅವರಿಗೆ ಅಳು ಬಂತು, ಸಿಟ್ಟೂ ಬಂತು, ಸಿಟ್ಟು ಗೆದ್ದಿತು.

ಮತ್ತೆ ಮೇನ್ ಆರಿಸಿದರು. ತಂತಿಯನ್ನು ಕೈಯಲ್ಲಿ ಹಿಡಿದು ಬೋರ್ಡಿನವರೆಗೆ, ಬೋರ್ಡಿನಿಂದ ಗೋಡೆಯಾಚೆ ಹಿತ್ತಲಿಗೆ, ತಡವುತ್ತ ತಡವುತ್ತ ನಡೆದರು. ಮುಖಕ್ಕೆ ಏನೋ ಒದ್ದೆಯಾದದ್ದು ಬಂದು ಬಡಿಯಿತು.

“ಏನಿದು?”

“ಬೆಡ್‌ಶೀಟು,” ಎಂದರು ಹಿಂದೆಯೇ ಬಂದ ಮನೆಯಾಕೆ.

“ಬೆಡ್‌ಶೀಟ್ ಕಾಣುತ್ತೆ! ಈ ತಂತಿ?”

“ಬಟ್ಟೆ ಒಣಹಾಕೋ ತಂತಿ. ಮೇಲೆ ಹಸಿರು ಪ್ಲಾಸ್ಟಿಕ್ ಹೊದಿಕೆ ಬೇರೆ. ನೆಲದ ಮೇಲೆ ಬಿದ್ದಿತ್ತು, ಎತ್ತಿ ಪೇರಲ ಗಿಡಕ್ಕೆ ಕಟ್ಟಿದೆ. ಕೇಳಿ ಕೇಳಿ ಸಾಕಾಗಿತ್ತು, ಕೊನೆಗೂ ತಂದ್ರಲ್ಲ ಅಂತ ಎಷ್ಟು ಖುಷಿಯಾಯ್ತು! ‘ಹಿತ್ತಲ ತಂತಿ ಬಹಳ ಚೆನ್ನಾಗಿದೆ ರೀ’ ಅಂತ ಹೊಗಳಿದ್ದೆನಲ್ಲ?”

“ನೀನು ನನ್ನ ಅರ್ಥಿಂಗ್ ಹೊಗಳ್ತಿದ್ದೀಯ ಅಂದ್ಕೊಂಡೆ ಕಣೇ!”

“ಅರ್ಥಿಂಗನ್ನ ಯಾವ ಹೆಂಡತಿ ಹೊಗಳ್ತಾಳ್ರೀ?”

ಸ್ವಲ್ಪ ಆಚೆ, ರಾಯರೇ ಹೂಳಿದ ಅರ್ಥಿಂಗ್ ರಾಡು ಒಂಟಿಯಾಗಿ ನಿಂತಿತ್ತು. ಈಗ ನೆನಪಾಯಿತು. ತಂತಿಯನ್ನು ರಾಡಿಗೆ ಬಿಗಿಯಲು ಸ್ಪ್ಯಾನರ್ ತರೋಣವೆಂದು ಒಳಗೆ ಹೋದವರು, ಸ್ಪ್ಯಾನರ್ ಹುಡುಕುವಾಗ ಬಣ್ಣದ ಡಬ್ಬ ಕಂಡು, ಬಾಗಿಲಿಗೆ ಬಣ್ಣ ಬಳಿಯುತ್ತ ಕೂತುಬಿಟ್ಟಿದ್ದರು! ನೆಲ ಸೇರಬೇಕಾದ ತಂತಿ ಅಂದಿನಿಂದ ಬೆಡ್‌ಶೀಟು ಹೊತ್ತು ಗಾಳಿಯಲ್ಲಿ ತೂಗಾಡುತ್ತಿತ್ತು.

ಬೆಡ್‌ಶೀಟು ಇಳಿಯಿತು, ತಂತಿ ರಾಡಿಗೆ ಬಿಗಿಯಾಯಿತು. ಮೇನ್ ಹಾಕಿ, ಗೀಸರ್ ಸ್ವಿಚ್ ಒತ್ತಿದರೆ ಮೇನ್ ಠಪ್ಪೆಂದು ಬಿತ್ತು. ಅಲ್ಲಿಗೆ ಕಳ್ಳನೂ ಸಿಕ್ಕಿಬಿದ್ದ: ಗೀಸರಿನ ಕಾಯಿಲ್ ಕೆಟ್ಟು ಕರೆಂಟು ಸೋರುತ್ತಿತ್ತು. ರಾಯರು ಅಂಗಡಿಗೆ ಓಡಿ ಹೊಸ ಕಾಯಿಲ್ ತಂದು ಹಾಕಿದರು. ಮೇನ್ ಬೀಳದೆ ನಿಂತಿತು, ಗೀಸರ್ ಕಾಯಿತು, ಟೆಸ್ಟರ್ ಎಲ್ಲಿಟ್ಟರೂ ಕಣ್ಣು ಬಿಡಲಿಲ್ಲ.

“ಗೆದ್ದೆ!” ಎಂದು ರಾಯರು ಗರ್ಜಿಸಿದರು. ತಮಾಷೆ ನೋಡಲು ತಂಗಿಯೂ ಬಂದಳು. ಎಲ್ಲರೂ ಬಚ್ಚಲ ಬಾಗಿಲಲ್ಲಿ ಸೇರಿದರು.

“ಸರಿ,” ಎಂದರು ಮನೆಯಾಕೆ. “ಮೊದಲು ಯಾರು ಮುಟ್ತಾರೆ?”

“ಯಾರು ಅಂದ್ರೆ? ನಾನೇ!” ರಾಯರು ಎದೆಯುಬ್ಬಿಸಿ ನಲ್ಲಿಯವರೆಗೆ ಹೋದರು. ಕೈ ಚಾಚಿದರು. “ಒಂದು ನಿಮಿಷ,” ಎಂದು ಹೊರಗೆ ಹೋದರು.

ಬಂದಾಗ ಕಾಲಿಗೆ ದಪ್ಪ ರಬ್ಬರ್ ಚಪ್ಪಲಿ, ಕೈಗೆ ಪಾತ್ರೆ ತೊಳೆಯುವ ಗ್ಲೌಸು, ಕಂಕುಳಲ್ಲಿ ನಿಂತುಕೊಳ್ಳಲು ಮರದ ಸ್ಟೂಲು!

ಷಡ್ಡಕ ಗೋಡೆ ಹಿಡಿದುಕೊಂಡು ನಕ್ಕ. ಮನೆಯಾಕೆ ನಗಲಿಲ್ಲ.

“ಟೆಸ್ಟರ್ ಏನನ್ನುತ್ತೆ?”

“ಏನೂ ಇಲ್ಲ ಅನ್ನುತ್ತೆ.”

“ನಿಮ್ಮ ಪುಸ್ತಕ?”

“ಎಲ್ಲಾ ಸರಿ ಇದೆ ಅನ್ನುತ್ತೆ.”

“ನೀವು ಏನಂತೀರಿ?”

ರಾಯರು ಸ್ಟೂಲಿನ ಕಡೆ ನೋಡಿದರು. ಮನೆಯಾಕೆ ಅವರನ್ನು ಪಕ್ಕಕ್ಕೆ ಸರಿಸಿ, ಬರಿಗಾಲಲ್ಲಿ ಒಳಗೆ ಹೋಗಿ, ನಲ್ಲಿಯನ್ನು ಅಂಗೈ ತುಂಬ ಹಿಡಿದು ತಿರುಗಿಸಿಯೇಬಿಟ್ಟರು! ರಾಯರು ಕಣ್ಣು ಮುಚ್ಚಿಕೊಂಡರು. ಬಿಸಿನೀರು ಬೀಳುವ ಸದ್ದು ಬಿಟ್ಟರೆ ಬೇರೇನೂ ಕೇಳಿಸಲಿಲ್ಲ.

“ನೀವು ಕಟ್ಟಿದ್ದರ ಮೇಲೆ ನನಗೆ ನಂಬಿಕೆ ಇದೆ,” ಎಂದು ಮನೆಯಾಕೆ ಬಾಗಿಲು ಮುಚ್ಚುತ್ತ ಹೇಳಿದರು. “ನಿಮಗೆ ಬರೋವರೆಗೂ ತಂಗಿ ಮನೆಗೆ ಹೋಗಿ ಸ್ನಾನ ಮಾಡ್ಕೊಂಡು ಬನ್ನಿ.”