ರಬ್ಬರ್ ಉಡದ ಆಣೆ

ಪುಣೆಯ ಇತಿಹಾಸಕಾರರು ಪೇಶ್ವೆಗಳನ್ನೂ ಪ್ಲೇಗನ್ನೂ ಮುಗಿಸಿ ಕೋಥರೂಡಕ್ಕೆ ಬಂದು, ಅಲ್ಲಿಯ ಸ್ನೇಹವರ್ಧಿನಿ ಸೊಸೈಟಿಯ ಮೇಲೆ ಒಂದು ಅಧ್ಯಾಯ ಬರೆಯುವ ಕಾಲ ಬಂದರೆ, ಅದನ್ನು ಅವರು ಒಂದು ರಬ್ಬರ್ ಉಡದಿಂದಲೇ ಶುರು ಮಾಡಬೇಕಾಗುತ್ತದೆ. ಮೊಳದುದ್ದದ ಉಡ. ಬೂದು ಮೈ, ಗಾಜಿನ ಕಣ್ಣು, ಹೊರಗೆ ಚಾಚಿದ ಕೆಂಪು ಸೀಳುನಾಲಿಗೆ. ಹೊಟ್ಟೆ ಅದುಮಿದರೆ ಕೀಂ ಎನ್ನುತ್ತಿತ್ತು. ಸತ್ತ ಒಬ್ಬರ ಸದ್ಗತಿ, ಬದುಕಿದ್ದ ಒಬ್ಬನ ದುರ್ಗತಿ ಎರಡೂ ಅದರಿಂದಲೇ ಆದವು.

ಪುಣೆಗೆ ತನ್ನದೇ ಒಂದು ವೃತ್ತಿಪರ ಬಾಸ್ಕೆಟ್‌ಬಾಲ್ ತಂಡವಿದೆ ಎಂಬ ಸುದ್ದಿ ಪುಣೆಯನ್ನು ಇನ್ನೂ ತಲುಪಿರಲಿಲ್ಲ. ತಂಡದ ಹೆಸರು ಪುಣೆ ಘೋರಪಡ್ಸ್. ಘೋರಪಡ ಎಂದರೆ ಮರಾಠಿಯಲ್ಲಿ ಉಡ; ಹಿಂದೆ ಮರಾಠಾ ಸೈನಿಕರು ಸೊಂಟಕ್ಕೆ ಹಗ್ಗ ಕಟ್ಟಿ ಬಿಟ್ಟಾಗ ಸಿಂಹಗಡದ ಗೋಡೆ ಹತ್ತಿದ ಉಡದ ನೆನಪಿಗೆ ಇಟ್ಟ ಹೆಸರು. ಆ ಉಡ ಮೇಲಕ್ಕೆ ಹತ್ತಿತು. ಈ ಉಡಗಳು ಲೀಗಿನ ಪಟ್ಟಿಯಲ್ಲಿ ಕೆಳಕ್ಕಿಳಿದು, ಕಡೆಯ ಸ್ಥಾನವನ್ನು ಮಾತ್ರ ನಿಜವಾದ ಉಡದ ಪಟ್ಟಿನಲ್ಲಿ ಹಿಡಿದುಕೊಂಡಿದ್ದವು. ಈ ತಂಡಕ್ಕೆ ಪ್ರತಿ ಪಂದ್ಯಕ್ಕೂ ಟಿಕೇಟು ಕೊಂಡು ಬರುವ ಇಬ್ಬರು ಅಭಿಮಾನಿಗಳಿದ್ದರು. ಇಬ್ಬರೂ ಸ್ನೇಹವರ್ಧಿನಿಯವರು. ಒಬ್ಬ ಎರಡನೆಯ ಮಹಡಿಯ ಋಷಿಕೇಶ, ಧಾರವಾಡದ ಕಡೆಯವನು, ವಿಮಾ ಕಚೇರಿಯ ನೌಕರ. ಇನ್ನೊಬ್ಬರು ಮೂರನೆಯ ಮಹಡಿಯ ಮುನಿಸ್ವಾಮಿ, ಮಂಡ್ಯದ ಕಡೆಯವರು, ಖಡಕಿಯ ಕಾರ್ಖಾನೆಯಿಂದ ನಿವೃತ್ತರು. ಹರೆಯದಲ್ಲಿ ಕಾರ್ಖಾನೆಯ ತಂಡಕ್ಕೆ ಆಡಿದವರು. ಉಡ ಅವರದು. ತಂಡ ಬುಟ್ಟಿಗೆ ಚೆಂಡು ಹಾಕಿದಾಗಲೆಲ್ಲ ಅವರು ಅದರ ಹೊಟ್ಟೆ ಅದುಮುತ್ತಿದ್ದರು. ಉಡಕ್ಕೆ ಹೆಚ್ಚು ಶ್ರಮ ಬೀಳುತ್ತಿರಲಿಲ್ಲ.

ಋಷಿಕೇಶನಿಗೆ ಇನ್ನೊಂದು ರೋಗವೂ ಇತ್ತು. ಲೋಡ್ ಶೆಡ್ಡಿಂಗ್ ಎಂಬ ಹುಡುಗ ಹುಡುಗಿಯರ ರಾಕ್ ಬ್ಯಾಂಡು. ತಮ್ಮ ಹಾಡು ತಾವೇ ಬರೆದು ಬಾರಿಸುವುದು, ಸಿನಿಮಾ ಹಾಡು ಮುಟ್ಟದಿರುವುದು ಅವರ ತತ್ತ್ವ. ಆದ್ದರಿಂದ ಮದುವೆಗೆ ಅವರನ್ನು ಯಾರೂ ಕರೆಯುತ್ತಿರಲಿಲ್ಲ. ಕರ್ವೆ ರಸ್ತೆಯ ಹಿಂದೊಂದು ನೆಲಮಾಳಿಗೆಯಲ್ಲಿ, ಕುರ್ಚಿಗಳಿಗಿಂತ ಕಡಿಮೆ ಜನರೆದುರು ಬಾರಿಸುತ್ತಿದ್ದರು. ಮೊಬೈಲಿನಲ್ಲಿ ಕೇಳಿದ ಹಾಡು ನಮ್ಮನ್ನು ಗುರುತಿಸುವುದಿಲ್ಲ, ಎದುರಿಗೆ ಬಾರಿಸುವವರ ಬೆವರು ಮೈಮೇಲೆ ಸಿಡಿದರೆ ಮಾತ್ರ ಅದು ಹಾಡು, ಎಂಬುದು ಋಷಿಕೇಶನ ಸಿದ್ಧಾಂತ. ಬಾಸ್ಕೆಟ್‌ಬಾಲಿಗೂ ಅದೇ ಮಾತು. ಖಾಲಿ ಕ್ರೀಡಾಂಗಣದಲ್ಲಿ ಆಟಗಾರರ ಬೂಟು ನೆಲಕ್ಕೆ ಉಜ್ಜುವ ಕೀರಲು ಸದ್ದು, ಕೋಚ್ ಮರಾಠಿಯಲ್ಲಿ ಬೈಯುವ ಬೈಗುಳ ಎಲ್ಲ ಸ್ಪಷ್ಟವಾಗಿ ಕೇಳುತ್ತದೆ. ಗೆಲ್ಲುವವರಿಗೆ ನಾವು ಬೇಕಾಗಿಲ್ಲ, ಸೋಲುವವರು ಮಾತ್ರ ಯಾರು ಬಂದಿದ್ದಾರೆ ಎಂದು ತಲೆಯೆತ್ತಿ ನೋಡುತ್ತಾರೆ. ಹೀಗೆಲ್ಲ ಅವನು ಹೆಂಡತಿ ಭಾಮಾಗೆ ಹೇಳುತ್ತಿದ್ದ. ಅವಳು ಕುಕ್ಕರಿನ ಸೀಟಿ ಎಣಿಸುತ್ತ ಹೂಂಗುಡುತ್ತಿದ್ದಳು.

ಮುನಿಸ್ವಾಮಿಯವರೂ ಅವನೂ ಒಂದು ಒಪ್ಪಂದ ಮಾಡಿಕೊಂಡಿದ್ದರು. ಅವರ ಪಂದ್ಯಕ್ಕೆ ಇವನು ಹೋಗಬೇಕು, ಇವನ ಬ್ಯಾಂಡಿಗೆ ಅವರು ಕಿವಿಗೆ ಹತ್ತಿ ತುರುಕಿಕೊಂಡು ಬರಬೇಕು. ಅಂಥದೊಂದು ಕಾರ್ಯಕ್ರಮದಿಂದ ಬಂದು ಮಲಗಿದ ಮುನಿಸ್ವಾಮಿ ಬೆಳಿಗ್ಗೆ ಏಳಲಿಲ್ಲ.

ಡಾಕ್ಟರು ಹೃದಯಾಘಾತ ಎಂದರು. ಸೊಸೈಟಿಯ ಚೇರ್ಮನ್ ಶ್ಯಾಮರಾವ್ ಬೆಳಗಾವಿಯವರು, ಅವರು ಬೇರೆ ನಿರ್ಣಯಕ್ಕೆ ಬಂದರು. "ಆ ಡ್ರಮ್ಮಿನ ಬಡತಕ್ಕ ನಮ್ಮ ಕಿಡಕಿ ಗಾಜ ನಡುಗತಾವ, ಮುದುಕರ ಹಾರ್ಟ್ ಎಷ್ಟು ತಡೀತದ್ರಿ?" ಎಂದು ಲಿಫ್ಟಿನಲ್ಲಿ ಸಿಕ್ಕವರಿಗೆಲ್ಲ ಹೇಳಿದರು. ಬ್ಯಾಂಡು ಬಾರಿಸಿದ್ದು ಎರಡು ಕಿಲೋಮೀಟರ್ ಆಚೆ. ಆದರೂ ಸೊಸೈಟಿಯವರು ಋಷಿಕೇಶನನ್ನು ಕಂಡರೆ ಧ್ವನಿ ತಗ್ಗಿಸತೊಡಗಿದರು.

ಹತ್ತನೆಯ ದಿನದ ಕ್ರಿಯೆ ಬಿದ್ದದ್ದು ಘೋರಪಡ್ಸಿನ ಋತುವಿನ ಕೊನೆಯ ಪಂದ್ಯದ ದಿನವೇ. ಸಂಜೆ ಐದಕ್ಕೆ ಬಾಲೇವಾಡಿಯಲ್ಲಿ ಪಂದ್ಯ. ಗೆದ್ದರೆ ತಂಡ ಲೀಗಿನಲ್ಲಿ ಉಳಿಯುತ್ತದೆ, ಸೋತರೆ ಮುಚ್ಚುತ್ತದೆ ಎಂದು ಮಾಲೀಕ ಪೇಪರಿನಲ್ಲಿ ಹೇಳಿದ್ದ. ಸಾಲದ್ದಕ್ಕೆ ಮಧ್ಯಂತರದಲ್ಲಿ ಬಾರಿಸಲು ಲೋಡ್ ಶೆಡ್ಡಿಂಗನ್ನೇ ಕರೆದಿದ್ದರು. ಜೀವಮಾನದ ಎರಡೂ ಹುಚ್ಚು ಒಂದೇ ಚಾವಣಿಯ ಕೆಳಗೆ. ಅಕ್ಕಪಕ್ಕದ ಎರಡು ಟಿಕೇಟು ಮುನಿಸ್ವಾಮಿಯವರೇ ತೆಗೆಸಿಟ್ಟಿದ್ದರು.

"ಮುಂಜಾನೆ ಹತ್ತಕ್ಕ ಘಾಟು, ಹನ್ನೆರಡಕ್ಕ ಮುಗೀತದ. ಐದಕ್ಕ ಮ್ಯಾಚು. ಏನೂ ಅಡ್ಡಿ ಇಲ್ಲ" ಎಂದ ಋಷಿಕೇಶ.

"ಕಾಗಿ ಮುಟ್ಟಿದ್ರ ಮುಗೀತದ" ಎಂದಳು ಭಾಮಾ.

ಓಂಕಾರೇಶ್ವರದ ಘಾಟಿನಲ್ಲಿ ಅಂದು ಆರೇಳು ಮನೆಯವರು ಸೇರಿದ್ದರು. ಮುಠಾ ನದಿ ಕಪ್ಪಗೆ, ಹರಿಯುವ ಮನಸ್ಸಿಲ್ಲದೆ ಬಿದ್ದಿತ್ತು. ಮಗ ಅಭಿಲಾಷ ಗುರೂಜಿ ಹೇಳಿದಂತೆ ಪಿಂಡ ಇಟ್ಟ. ಪಿಂಡದ ಬಳಿ ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಇಡಬೇಕು ಎಂದು ಶ್ಯಾಮರಾವ್ ಹಿಂದಿನ ದಿನವೇ ಹೇಳಿದ್ದರು. ಮುನಿಸ್ವಾಮಿಯವರ ಹೆಂಡತಿ ಪುಟ್ಟತಾಯಮ್ಮ ರಾಗಿಮುದ್ದೆ, ಕಡಲೆಕಾಯಿ, ಎಲೆಯಡಿಕೆ ಇಟ್ಟರು. ಋಷಿಕೇಶ ಕಣ್ಣೊರೆಸಿಕೊಂಡು, ಬೆಳಿಗ್ಗೆ ಅವರ ಮನೆಯಿಂದ ತಂದಿದ್ದ ರಬ್ಬರ್ ಉಡವನ್ನು ಚೀಲದಿಂದ ತೆಗೆದು, ಅದರ ಬಾಯಿ ನದಿಯ ಕಡೆಗಿರುವಂತೆ ಪಿಂಡದ ಪಕ್ಕ ಮಲಗಿಸಿದ. ಪುಟ್ಟತಾಯಮ್ಮನಿಗೆ ಅಳು ಉಕ್ಕಿತು. "ಇದ್ನ ತಲೆದಿಂಬಿನ ಹತ್ರ ಇಟ್ಕೊಂಡೇ ಮಲಗೋರು ಕಣಪ್ಪ" ಎಂದರು.

ಎಲ್ಲರೂ ದೂರ ಸರಿದು ನಿಂತರು. ಭಾಮಾ ಪುಟ್ಟತಾಯಮ್ಮನ ಪಕ್ಕದಲ್ಲಿದ್ದಳು. ಕಾಗೆಗಳಿಗೇನೂ ಬರವಿರಲಿಲ್ಲ. ಪಕ್ಕದ ಪಿಂಡದ ಮನೆಯವರು, ಸತ್ತವನು ಅಣ್ಣತಮ್ಮಂದಿರ ಹೊಲ ನುಂಗಿದವನು ಎಂದು ತಾವೇ ಮಾತಾಡಿಕೊಳ್ಳುತ್ತಿದ್ದರು. ಅವನ ಪಿಂಡವನ್ನು ಕಾಗೆ ಅವರು ತಿರುಗಿ ನಿಲ್ಲುವುದರೊಳಗೆ ಮುಟ್ಟಿತು. ಆಮೇಲೆ ಹಾರಿ ಮುನಿಸ್ವಾಮಿಯವರ ಪಿಂಡದ ಮೇಲಿನ ಕಟ್ಟೆಗೆ ಬಂತು. ಕತ್ತು ಓರೆ ಮಾಡಿ ನೋಡಿತು. ಕಚೇರಿಯಲ್ಲಿ ಸಾಹೇಬನನ್ನು ಕಂಡ ಗುಮಾಸ್ತನಂತೆ ಸದ್ದಿಲ್ಲದೆ ಹಿಂದೆ ಸರಿದು ಹೊರಟುಹೋಯಿತು.

ಇನ್ನೊಂದು ಬಂತು. ಅದೂ ನೋಡಿತು, ಹೋಯಿತು.

"ಕಾಹೀತರೀ ಇಚ್ಛಾ ರಾಹಿಲೀ ಆಹೇ" ಎಂದರು ಗುರೂಜಿ. ಏನೋ ಆಸೆ ಉಳಿದಿದೆ.

ಹನ್ನೆರಡಾಯಿತು. ಆಸೆ ಹುಡುಕುವ ಕೆಲಸ ಶುರುವಾಯಿತು. ಪುಟ್ಟತಾಯಮ್ಮ ಕೈಮುಗಿದು, "ಇನ್ಮೇಲೆ ಟೀವಿ ಸೌಂಡ್ ಕಮ್ಮಿ ಇಡ್ತೀನಿ, ಬನ್ನಿ" ಎಂದರು. ಕಾಗೆ ಬರಲಿಲ್ಲ. ಅಭಿಲಾಷ ಕಿವಿಯಿಂದ ಫೋನ್ ತೆಗೆದು, "ಅಪ್ಪಾ, ಮದ್ವೆ ಆಗ್ತೀನಿ, ಪ್ರಾಮಿಸ್" ಎಂದ.

"ಯಾರ್ನ?" ಎಂದರು ತಾಯಿ, ಅಳು ನಿಲ್ಲಿಸಿ.

"ಅಮ್ಮಾ, ಈಗ ಅದು ಇಶ್ಯೂ ಅಲ್ಲ."

ಕಾಗೆಗೂ ಅದು ವಿಷಯವಾಗಿರಲಿಲ್ಲ. ಆಗ ಯಾರೋ, ಮುನಿಸ್ವಾಮಿಯವರು ನೆರಳಿನ ಪಾರ್ಕಿಂಗಿಗೆ ಆರು ವರ್ಷ ಅರ್ಜಿ ಕೊಟ್ಟಿದ್ದನ್ನು ನೆನಪಿಸಿದರು. ಎಲ್ಲರ ಕಣ್ಣೂ ಶ್ಯಾಮರಾವರ ಮೇಲೆ ಬಿತ್ತು. ಅವರು ಗಂಟಲು ಸರಿಮಾಡಿಕೊಂಡು ಕಟ್ಟೆಯ ಮೇಲಿದ್ದ ಕಾಗೆಗೆ, "ಆತ್ರಿ, ಆ ಜಾಗಾ ನಿಮ್ಮದ" ಎಂದರು. ಕಾಗೆ ಅಲುಗಲಿಲ್ಲ. "ನೋಡ್ರಿ, ಅವರಿಗೆ ಅದು ಬೇಕಾಗಿಲ್ಲ. ವಿಷಯ ಮುಗೀತು" ಎಂದು ಅದನ್ನು ಅಲ್ಲೇ ಹಿಂತೆಗೆದುಕೊಂಡರು.

ಎರಡು ದಾಟಿತು. ಗುರೂಜಿ ದರ್ಭೆಯಲ್ಲೊಂದು ಕಾಗೆ ಕಟ್ಟಿ ಪಿಂಡಕ್ಕೆ ಮುಟ್ಟಿಸಿದರೆ ಶಾಸ್ತ್ರಕ್ಕೆ ಸಾಕು ಎಂದರು. ಋಷಿಕೇಶನ ಮುಖ ಅರಳಿತು.

"ಹುಲ್ಲಿನ ಕಾಗೆ ಬ್ಯಾಡ" ಎಂದರು ಪುಟ್ಟತಾಯಮ್ಮ. "ಅವ್ರು ಬದುಕಿರೋವರ್ಗೂ ಡೂಪ್ಲಿಕೇಟ್ ಸಾಮಾನು ಮುಟ್ದೋರಲ್ಲ."

ಋಷಿಕೇಶ ಗಡಿಯಾರ ನೋಡಿದ. ನೋಡಿದ್ದನ್ನು ಶ್ಯಾಮರಾವ್ ನೋಡಿದರು.

"ಎಲ್ಲಿಗೋ ಹೋಗೂದದೇನ್ರಿ?"

"ಇಲ್ರಿ, ಹಂಗೇನಿಲ್ಲ. ಐದಕ್ಕ ಒಂದು ಮ್ಯಾಚ್..."

"ಮ್ಯಾಚು." ಶ್ಯಾಮರಾವ್ ಸುತ್ತ ನಿಂತವರನ್ನೆಲ್ಲ ಒಮ್ಮೆ ನೋಡಿದರು. "ಬ್ಯಾಂಡಿಗೆ ಕರಕೊಂಡು ಹೋಗಿ ಮನಷ್ಯಾನ ಮುಗಿಸಿದ್ರಿ. ಈಗ ಪಿಂಡ ಬಿಟ್ಟು ಮ್ಯಾಚಿಗೆ ಹೊಂಟೀರಿ. ಅವರ ಜೋಡಿ ದಿನಾ ಕೂಡತಿದ್ದವರು ನೀವು. ಅವರ ಆಸೆ ಏನಂತ ನಿಮಗ ಗೊತ್ತಿಲ್ಲಂದ್ರ ಯಾರಿಗೆ ಗೊತ್ತು?"

ಗೊತ್ತಿತ್ತು. ಅದೇ ಕಷ್ಟವಾಗಿತ್ತು. ಕಡೆಯ ಬಾರಿ ಮೆಟ್ಟಿಲಿಳಿಯುವಾಗ ಮುನಿಸ್ವಾಮಿ, "ನಾವಿಬ್ರೂ ಹೋಗ್ದೆ ಇದ್ರೆ ಆ ಹುಡುಗ್ರು ಯಾರ್ನ ನೋಡ್ಕೊಂಡು ಆಡ್ತಾರೆ ಋಷಿ?" ಎಂದಿದ್ದರು. ಅವನು ಮುಂದೆ ಬಂದು ಕೈಮುಗಿದ.

"ಸ್ವಾಮಿಯವರ, ಇವತ್ತಿನ ಮ್ಯಾಚಿಗೆ ನಿಮ್ಮ ಉಡಾ ಒಯ್ದು ನಿಮ್ಮ ಕುರ್ಚಿ ಮ್ಯಾಲ ಕೂಡಸ್ತೀನಿ."

ಕಾಗೆ ಕಟ್ಟೆಯ ಮೇಲೆ ಎರಡು ಹೆಜ್ಜೆ ಹಾಕಿತು. ನಿಂತಿತು.

"ಒಂದ ಮ್ಯಾಚು?" ಎಂದರು ಶ್ಯಾಮರಾವ್. "ಮಂಡಿಯೊಳಗ ಬದನಿಕಾಯಿ ಚೌಕಾಸಿ ಮಾಡಿಧಂಗ ಮಾಡ್ತೀರಲ್ರಿ ಸತ್ತವರ ಜೋಡಿ."

"ಮುಂದಿನ ವರ್ಷದ್ದೂ ಎಲ್ಲಾ ನೋಡ್ತೀನ್ರಿ" ಎಂದ ಋಷಿಕೇಶ.

ಕಾಗೆ ಮುಖ ತಿರುಗಿಸಿತು. ಗಂಟೆ ಮೂರೂವರೆ. ಬಿಸಿಲಿಗೆ ರಾಗಿಮುದ್ದೆ ಬಿರುಕು ಬಿಟ್ಟಿತ್ತು. ಪುಟ್ಟತಾಯಮ್ಮ ನೆಲಕ್ಕೆ ಕೂತು ಸದ್ದಿಲ್ಲದೆ ಅಳುತ್ತಿದ್ದರು. ಆ ಅಳು ಋಷಿಕೇಶನಿಗೆ ತಡೆಯಲಾಗಲಿಲ್ಲ. ಅವನು ನೇರ ಪಿಂಡದ ಬಳಿ ಹೋಗಿ, ಆಣೆ ಇಡಲು ಕೈಗೆ ಸಿಕ್ಕ ಒಂದೇ ಪವಿತ್ರ ವಸ್ತುವನ್ನು, ಆ ಉಡವನ್ನು, ಎರಡೂ ಕೈಯಲ್ಲಿ ಎತ್ತಿ ಎದೆಗವಚಿಕೊಂಡು ಹಿಂದೆ ಬಂದು ನಿಂತ.

"ಈ ಉಡದ ಮ್ಯಾಲ ಆಣಿ ಮಾಡ್ತೀನಿ ಸ್ವಾಮಿಯವರ. ನನ್ನ ಜೀವ ಇರೋತನಕ, ನಮ್ಮ ಟೀಮು ತನ್ನ ಮನಿ ಅಂಗಳದಾಗ ಆಡೋ ಒಂದು ಮ್ಯಾಚೂ ಬಿಡೂದಿಲ್ಲ. ನಿಮ್ಮ ಕುರ್ಚಿ ಖಾಲಿ ಇಡೂದಿಲ್ಲ."

ಮಾತು ಮುಗಿಯುವ ಮೊದಲೇ ಕಾಗೆ ಇಳಿದು ಬಂತು. ಹಿಂದೆ ಇನ್ನೂ ನಾಲ್ಕು ಬಂದವು. ಪಿಂಡದ ಜೊತೆ ಮುದ್ದೆ, ಕಡಲೆಕಾಯಿ ಎಲ್ಲ ಕ್ಷಣದಲ್ಲಿ ಖಾಲಿ. ಪುಟ್ಟತಾಯಮ್ಮ ಋಷಿಕೇಶನ ಕೈ ಹಿಡಿದು, "ನಮ್ಮ ಯಜಮಾನ್ರು ನಿಮ್ಮನ್ನೇ ಕಾಯ್ತಿದ್ರು" ಎಂದರು. ಗುರೂಜಿ ಕೂಡ ಕನ್ನಡಕ ತೆಗೆದು ಒರೆಸಿದರು.

"ನಾವೆಲ್ಲಾ ಸಾಕ್ಷಿ ಅದೀವಿ" ಎಂದರು ಶ್ಯಾಮರಾವ್.

ಘಾಟಿನಿಂದ ಬಂದವರು ಸ್ನಾನ ಮಾಡದೆ ಎಲ್ಲಿಗೂ ಹೋಗುವಂತಿಲ್ಲ ಎಂದು ಭಾಮಾ ಸ್ಕೂಟರಿನ ಕೀಲಿಕೈ ಮುಚ್ಚಿಟ್ಟಳು. ಸ್ನಾನವಾಯಿತು. ನಲ್ಲಿಯಲ್ಲಿ ನೀರು ನೂಲಿನಂತೆ ಬರುತ್ತಿತ್ತು. ದಾರಿಯಲ್ಲಿ ಚಾಂದಣಿ ಚೌಕದ ವಾಹನಗಳು ಪಿಂಡ ಕಾಯುವವರಂತೆ ನಿಂತಿದ್ದವು. ಋಷಿಕೇಶ ಒದ್ದೆ ತಲೆಯಲ್ಲಿ, ಹೆಗಲಿಗೆ ಉಡ ಹಾಕಿಕೊಂಡು ಒಳಗೆ ಓಡಿದಾಗ ಮಧ್ಯಂತರ ಆಗಷ್ಟೇ ಮುಗಿದಿತ್ತು. ಡ್ರಮ್ಮು ಬಾರಿಸುವವನು ಡ್ರಮ್ಮಿನ ತಿರುಪು ಬಿಚ್ಚುತ್ತಿದ್ದ. ಹಾಡುವ ಹುಡುಗಿ ಸಾಯಲಿ, ಇದೇ ಅವರ ಕೊನೆಯ ಕಾರ್ಯಕ್ರಮ ಎಂದಳು. ಡ್ರಮ್ಮಿನವನಿಗೆ ಇಂದಾಪುರದ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತ್ತು. ತುಂಬ ಚೆನ್ನಾಗಿ ಬಾರಿಸಿದೆವು, ನೀವಿರಬೇಕಿತ್ತು ಕಾಕಾ, ಎಂದಳು. ಅವನು ತಲೆಯಾಡಿಸಿ ಉಡವನ್ನು ಮುನಿಸ್ವಾಮಿಯವರ ಕುರ್ಚಿಯಲ್ಲಿ ಕೂರಿಸಿದ.

ಆಮೇಲೆ ನಡೆದದ್ದನ್ನು ಅವನಿಗೆ ಎಂದೂ ಸರಿಯಾಗಿ ವಿವರಿಸಲಾಗಲಿಲ್ಲ. ಘೋರಪಡ್ಸ್ ಆಡತೊಡಗಿದರು. ಹೊಟ್ಟೆ ಅದುಮಿ ಅದುಮಿ ಉಡದ ಧ್ವನಿ ಬಿದ್ದುಹೋಯಿತು. ಕಡೆಯ ಕ್ಷಣದಲ್ಲಿ ಅರ್ಧ ಅಂಗಳದಿಂದ ಎಸೆದ ಚೆಂಡು ಬುಟ್ಟಿಯ ಅಂಚಿನಲ್ಲಿ ಎರಡು ಸುತ್ತು ಸುತ್ತಿ, ಯೋಚಿಸಿ, ಒಳಗೆ ಬಿತ್ತು. ತಂಡ ಗೆದ್ದಿತು. ಉಳಿಯಿತು. ಋಷಿಕೇಶ ಪಕ್ಕದ ಕುರ್ಚಿಯ ರಬ್ಬರನ್ನು ಅಪ್ಪಿಕೊಂಡು ಮನಸಾರೆ ಅತ್ತ.

ಮಾಲೀಕ ಮೈಕು ಹಿಡಿದ. ಸೋತಿದ್ದರೆ ಈ ತಂಡವನ್ನು ಯಾರೂ ಕೇಳುತ್ತಿರಲಿಲ್ಲ, ಇಂದೇ ಬಾಗಿಲು ಹಾಕುತ್ತಿದ್ದೆ, ಎಂದ. ಗೆದ್ದದ್ದರಿಂದ ಕೊಳ್ಳುವವರು ಈಗಷ್ಟೇ ಫೋನಿನಲ್ಲಿ ಒಪ್ಪಿದ್ದಾರೆ. ಮುಂದಿನ ಋತುವಿನಿಂದ ತಂಡದ ಮನೆಯಂಗಳ ಗುವಾಹಾಟಿ. ಅಲ್ಲಿಯೂ ಉಡಗಳಿರುವುದರಿಂದ ಹೆಸರು ಬದಲಾಗುವುದಿಲ್ಲ.

ಅವನು ಸೊಸೈಟಿಯ ಗೇಟು ತಲುಪುವಷ್ಟರಲ್ಲಿ ಸುದ್ದಿ ಮುಂಚೆಯೇ ಬಂದು ಕುರ್ಚಿ ಹಾಕಿಕೊಂಡು ಕೂತಿತ್ತು. ಅಭಿಲಾಷ ಮೊಬೈಲಿನಲ್ಲಿ ರೈಲು ಹುಡುಕುತ್ತಿದ್ದ. "ಅಂಕಲ್, ಡೈರೆಕ್ಟ್ ಟ್ರೇನ್ ಸಿಕ್ತಿಲ್ಲ. ಕೋಲ್ಕತಾದಲ್ಲಿ ಚೇಂಜ್ ಮಾಡ್ಬೇಕು."

"ಇಲ್ಲಿ ಕೇಳ್ರಿ, ಊರು ಬಿಟ್ಟು ಹೋದ ಟೀಮಿಗೆ..." ಎಂದು ಋಷಿಕೇಶ ಶುರುಮಾಡಿದ.

"ನೀವು ಊರಿನ ಹೆಸರ ಹೇಳಿಲ್ರಿ" ಎಂದರು ಶ್ಯಾಮರಾವ್. "ಟೀಮಿನ ಮನಿ ಅಂಗಳ ಅಂದೀರಿ. ನಾವೆಲ್ಲಾ ಕೇಳೀವಿ. ಕಾಗಿನೂ ಕೇಳೇದ."

ಪುಟ್ಟತಾಯಮ್ಮ ದಾರಿಗಿರಲಿ ಎಂದು ಆಗಲೇ ಚಕ್ಕುಲಿ ಡಬ್ಬಿ ತಂದಿದ್ದರು. ಅವರ ಮುಖದಲ್ಲಿ ಹತ್ತು ದಿನದ ನಂತರ ಮೊದಲ ಬಾರಿ ನೆಮ್ಮದಿ ಇತ್ತು. ಅದನ್ನು ನೋಡಿ ಋಷಿಕೇಶ ಡಬ್ಬಿ ಇಸಿದುಕೊಂಡ.

ಮನೆಗೆ ಬಂದು ಉಡವನ್ನು ಟೀಪಾಯಿಯ ಮೇಲಿಟ್ಟು ಮಲಗಿದ. ಬೆಳಿಗ್ಗೆ ಎದ್ದು ಅದರೆದುರು ಕೂತ. ಕಿಟಕಿಯಲ್ಲಿ ಅನ್ನದ ಅಗುಳು ಹೆಕ್ಕುತ್ತಿದ್ದ ಗುಬ್ಬಿಯೊಂದು ಒಳಗೆ ಇಣುಕಿ, ಉಡವನ್ನು ಕಂಡು, ಸತ್ತೆನೋ ಬದುಕಿದೆನೋ ಎಂದು ಹಾರಿಹೋಯಿತು. ಋಷಿಕೇಶ ಖಾಲಿ ಕಿಟಕಿಯನ್ನು ನೋಡಿದ. ಉಡವನ್ನು ನೋಡಿದ. ಆಮೇಲೆ ಭಾಮಾಳನ್ನು ನೋಡಿದ.

"ಹೂಂ" ಎಂದಳು ಭಾಮಾ, ಚಹಾ ಸೋಸುತ್ತ. "ಅಲ್ಲೂ ಹಿಂಗ ಆತು. ನೀವು ಅದನ್ನ ಎತ್ತಿದ ಕೂಡ್ಲೇ ಕಾಗಿ ಬಂತು."

"ಗೊತ್ತಿತ್ತೇನು ನಿನಗ?"

"ಹನ್ನೆರಡಕ್ಕ ಅನುಮಾನ ಬಂದಿತ್ತು."

"ಮತ್ತ ಯಾಕ ಹೇಳಲಿಲ್ಲ?"

"ಹೆಂಗ ಹೇಳೂದ್ರಿ? ಅವರ ಪ್ರೀತಿ ಸಾಮಾನು ತಗೀರಿ ಅಂದ್ರ ಅಕ್ಕಾರಿಗೆ ಏನನಸ್ತಿತ್ತು? ಆಮ್ಯಾಲ ನೀವೂ ಭಾಳ ಛಲೋ ಮಾತಾಡ್ಲಿಕ್ಕತ್ತಿದ್ರಿ. ಮದುವಿ ಆದಾಗಿಂದ ಹಂಗ ಮಾತಾಡಿದ್ದು ನಾ ಕೇಳಿರಲಿಲ್ಲ."

ನವೆಂಬರಿನಲ್ಲಿ ಋಷಿಕೇಶ ರಜೆ ಹಾಕಿ, ಉಡ ತೆಗೆದುಕೊಂಡು ಗುವಾಹಾಟಿಗೆ ಹೋದ. ತಂಡ ಸೋತಿತು.